ಹೆರಿಗೆ ಆಸ್ಪತ್ರೆಯಲ್ಲಾಯಿತು, ಬಾಣಂತನ ಯಾರ ಪಾಲಿಗೆ?

ನೇಪಾಳದ ತಾಯಂದಿರ ಮಾತು ಬಂದಾಗಲೆಲ್ಲ ಜನ ಬೆಟ್ಟದ ಮಾತನ್ನೇ ಆಡುತ್ತಾರೆ. ರಸ್ತೆ ಇಲ್ಲ, ಆಸ್ಪತ್ರೆ ದೂರ, ಮಳೆಗಾಲ ಬಂದರೆ ಗುಡ್ಡ ಕುಸಿಯುತ್ತದೆ. ಎಲ್ಲವೂ ನಿಜವೇ. ಆದರೆ ಕರ್ನಾಲಿ ಪ್ರಾಂತ್ಯದಲ್ಲಿ ಇದ್ದು, ಓಡಾಡಿ ನೋಡಿದ ಮೇಲೆ ನನಗೆ ಅನಿಸಿರುವುದು ಬೇರೆ. ಬಸುರಿಯನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರುವ ಕೆಲಸ ಇಲ್ಲಿ ಮುಕ್ಕಾಲು ಪಾಲು ಮುಗಿದಿದೆ. ಆಕೆ ಕೂಸು ಎತ್ತಿಕೊಂಡು ಮನೆಗೆ ಹೋದ ಮೇಲಿನ ದಿನಗಳನ್ನು ನೋಡಿಕೊಳ್ಳುವವರು ಮಾತ್ರ ಇನ್ನೂ ಗೊತ್ತಾಗಿಲ್ಲ. ನಮ್ಮ ಕಡೆ ಆ ದಿನಗಳಿಗೆ ಒಂದು ಮನೆ, ಒಂದು ಕೋಣೆ, ಒಬ್ಬಳು ತಾಯಿ ಮೊದಲೇ ಗೊತ್ತಾಗಿರುತ್ತಾರೆ.

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. 2021ರ ಜನಗಣತಿ ನಡೆಸುವಾಗ ನೇಪಾಳ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಮನೆಯಲ್ಲಿ ಹೆರುವ ವಯಸ್ಸಿನ ಹೆಂಗಸು ಯಾರಾದರೂ ತೀರಿಕೊಂಡಿದ್ದರೆ ಬರೆದುಕೊಂಡು, ಆಮೇಲೆ ಮತ್ತೆ ಆ ಮನೆಗಳಿಗೆ ಹೋಗಿ ಹೇಗೆ ಸತ್ತಳು, ಎಲ್ಲಿ ಸತ್ತಳು ಅಂತ ವಿಚಾರಿಸಿತು. ಒಂದು ಲಕ್ಷ ಹೆರಿಗೆಗೆ 151 ತಾಯಂದಿರು ಸಾಯುತ್ತಿದ್ದಾರೆ ಅನ್ನುವ ಲೆಕ್ಕ ಸಿಕ್ಕಿತು. 1996ರ ಸಮೀಕ್ಷೆಯಲ್ಲಿ ಇದೇ ಸಂಖ್ಯೆ 539 ಇತ್ತು. ಬಡ ದೇಶ, ನಡುವೆ ಹತ್ತು ವರ್ಷ ಅಂತರ್ಯುದ್ಧ, ಆಮೇಲೆ ಭೂಕಂಪ. ಇಷ್ಟರ ನಡುವೆ ಇಷ್ಟು ಇಳಿಸಿದ್ದು ದೊಡ್ಡ ಸಾಧನೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಸತ್ತವರಲ್ಲಿ ನೂರಕ್ಕೆ 61 ಮಂದಿ ಸತ್ತದ್ದು ಹೆರಿಗೆಯಾದ ಮೇಲೆ. ಬಸುರಿಯಾಗಿದ್ದಾಗ ಸತ್ತವರು 33. ಹೆರಿಗೆಯ ಹೊತ್ತಿನಲ್ಲೇ ಸತ್ತವರು ಬರೀ 6.

ನಾನು ಬೀರೇಂದ್ರನಗರದಲ್ಲಿದ್ದೇನೆ. ಸುರ್ಖೇತ್ ಕಣಿವೆಯ ಊರು, ಪ್ರಾಂತ್ಯದ ರಾಜಧಾನಿ. ಆಸ್ಪತ್ರೆ ಉಪಕರಣ ರಿಪೇರಿ ನನ್ನ ಕೆಲಸ. ಆಕ್ಸಿಜನ್ ಕಾನ್ಸನ್‌ಟ್ರೇಟರ್, ಸಕ್ಷನ್ ಮಶೀನ್, ಲಸಿಕೆ ಇಡುವ ಫ್ರಿಜ್, ಹಸುಗೂಸನ್ನು ಬೆಚ್ಚಗಿಡುವ ವಾರ್ಮರ್ ಇಂಥವು ಕೆಟ್ಟರೆ ಜೀಪು ಹತ್ತಿ ಹೋಗಬೇಕು. ಜೀಪು ನಿಂತ ಮೇಲೆ ನಡೆಯಬೇಕು. ಹಾಗಾಗಿ ಇಲ್ಲಿನ ಸ್ವಾಸ್ಥ್ಯ ಚೌಕಿಗಳ ಒಳಗನ್ನು ಚೆನ್ನಾಗಿ ಬಲ್ಲೆ. ನಮ್ಮ ಉಪಕೇಂದ್ರಗಳ ಥರವೇ ಇವು. ಅದರ ಪಕ್ಕದ ಒಂದು ಕೋಣೆ ಬರ್ಥಿಂಗ್ ಸೆಂಟರ್. ಅಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮನನ್ನು ಇಲ್ಲಿನವರು ಅನಮೀ ಅಂತಾರೆ.

ಕಾಲಿಕೋಟ್ ಜಿಲ್ಲೆಯ ಅಂಥದ್ದೊಂದು ಕೋಣೆಯಲ್ಲಿ ವಾರ್ಮರ್ ಬಿಚ್ಚಿಕೊಂಡು ಕೂತಿದ್ದೆ. ಕೂಸಿನ ಮೈಗೆ ಅಂಟಿಸುವ ಪ್ರೋಬ್‌ನ ವೈರನ್ನು ಇಲಿ ಕಡಿದಿತ್ತು. ಅನಮೀ ಅದಕ್ಕೆ ಬ್ಯಾಂಡೇಜ್ ಪಟ್ಟಿ ಸುತ್ತಿ ಹೇಗೋ ಕೆಲಸ ನಡೆಸಿದ್ದಳು. ಹಿಂದಿನ ರಾತ್ರಿ ಹೆತ್ತವಳು ಪಕ್ಕದ ಮಂಚದಲ್ಲಿದ್ದಳು. ಇಪ್ಪತ್ತು ದಾಟಿದ್ದರೆ ಹೆಚ್ಚು. ಅವಳ ಅತ್ತೆ ಬೆಳಗ್ಗೆಯೇ ಗಂಟು ಕಟ್ಟುತ್ತಿದ್ದರು. ಸಂಜೆವರೆಗಾದರೂ ಇರಿಸಿ, ರಕ್ತ ಹೋಗೋದು ಎಷ್ಟಿದೆ ನೋಡಬೇಕು ಅಂತ ಅನಮೀ ಎರಡೆರಡು ಸಲ ಹೇಳಿದಳು. ಎಮ್ಮೆಗೆ ಹುಲ್ಲು ಹಾಕುವವರಿಲ್ಲ ಅಂದರು ಅತ್ತೆ. ಗಟ್ಟಿಸಿ ಹೇಳಲಿಲ್ಲ, ಬೇರೆ ದಾರಿ ಇಲ್ಲದವರ ಹಾಗೆ ಹೇಳಿದರು. ಮನೆಯಲ್ಲಿ ಗಂಡಸರಿಲ್ಲ. ಅನಮೀ ರಿಜಿಸ್ಟರಿನಲ್ಲಿ ಬರೆದುಕೊಂಡ ಗಂಡನ ಫೋನ್ ನಂಬರ್ ಭಾರತದ್ದು. ಸರ್ಕಾರ ಕೊಡುವ ದುಡ್ಡು ಕೊಟ್ಟರು. ಕೂಸಿಗೂ ತಾಯಿಗೂ ಬೆಚ್ಚಗಿನ ಬಟ್ಟೆ ಇರುವ 'ನ್ಯಾನೋ ಝೋಲಾ' ಅನ್ನುವ ಚೀಲ ಕೊಟ್ಟರು. ನಮ್ಮ ಮಡಿಲು ಕಿಟ್ ಥರದ್ದೇ. ಕೂಸನ್ನು ಅತ್ತೆ ಕಟ್ಟಿಕೊಂಡರು, ಚೀಲವನ್ನು ಹೆತ್ತವಳು ಹೆಗಲಿಗೆ ಹಾಕಿಕೊಂಡಳು. ಎರಡು ಗಂಟೆಯ ಇಳಿಜಾರು. ಕಾಗದದಲ್ಲಿ ಅದು ಯಶಸ್ವಿ ಹೆರಿಗೆ, ಆಸ್ಪತ್ರೆ ಹೆರಿಗೆ.

ಹಾಗಂತ ಅಲ್ಲಿಯವರೆಗೆ ಬಂದದ್ದನ್ನು ಸಣ್ಣದು ಮಾಡುವುದು ಬೇಡ. 1996ರಲ್ಲಿ ನೂರರಲ್ಲಿ 8 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿತ್ತು. 2022ರ ಸಮೀಕ್ಷೆಯಲ್ಲಿ 79. ಇದರ ಹಿಂದೆ ದುಡ್ಡಿನ ಯೋಜನೆ ಇದೆ. 2005ರಲ್ಲಿ ಆಸ್ಪತ್ರೆಗೆ ಬಂದವರಿಗೆ ದಾರಿ ಖರ್ಚು ಕೊಡಲು ಶುರು ಮಾಡಿದರು, 2009ರಿಂದ ಸರ್ಕಾರಿ ಹೆರಿಗೆ ಎಲ್ಲ ಕಡೆ ಪುಕ್ಕಟೆ. ಈಗ ಹಿಮಾಲದ ಜಿಲ್ಲೆಗಳಲ್ಲಿ 3000, ಪಹಾಡದಲ್ಲಿ, ಅಂದರೆ ಗುಡ್ಡಗಾಡಿನಲ್ಲಿ 2000, ತರಾಯಿಯ ಬಯಲಿನಲ್ಲಿ 1000 ನೇಪಾಳಿ ರೂಪಾಯಿ. ದಾರಿ ಕಷ್ಟ ಇದ್ದಷ್ಟೂ ದುಡ್ಡು ಜಾಸ್ತಿ. ಈ ಲೆಕ್ಕ ನನಗೆ ತುಂಬ ಹಿಡಿಸುತ್ತದೆ. ನಮ್ಮಲ್ಲಿ ಜೋಯಿಡಾದ ಕಾಡಿನೊಳಗಿನ ಬಸುರಿಗೂ ಹುಬ್ಬಳ್ಳಿಯ ಬಸುರಿಗೂ ದೂರ ಒಂದೇ ಅಂತ ಯಾರೂ ಹೇಳಲಾರರು, ಅಲ್ವಾ?

ಆದರೆ ನನ್ನ ಪ್ರಕಾರ ಈ ದೇಶವನ್ನು ಇಲ್ಲಿಗೆ ತಂದದ್ದು ಸ್ವಯಂಸೇವಿಕಾ ದಿದಿಯರು. 1988ರಲ್ಲಿ ಶುರುವಾದ ಪಡೆ ಅದು. ಈಗ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ವರ್ಷಕ್ಕೆ ಎರಡು ಸಲ ಮಕ್ಕಳ ಬಾಯಿಗೆ ವಿಟಮಿನ್ ಎ ಹಾಕುವವರು ಇವರೇ. ಬಸುರಿಯರ ಪಟ್ಟಿ ಇಟ್ಟುಕೊಳ್ಳುವವರೂ ಇವರೇ. ಮನೆಯಲ್ಲೇ ಹೆರಿಗೆ ಆಗುವ ಸಂಭವ ಇದ್ದರೆ ರಕ್ತಸ್ರಾವ ತಡೆಯುವ ಮಾತ್ರೆ ಮೊದಲೇ ಕೊಟ್ಟು, ಯಾವಾಗ ನುಂಗಬೇಕು ಅಂತ ಬಿಡಿಸಿ ಹೇಳುವವರೂ ಇವರೇ. ನಮ್ಮ ಆಶಾ ಕಾರ್ಯಕರ್ತೆಯರು ಹುಟ್ಟುವ ಎಷ್ಟೋ ಮುಂಚೆ ಇವರು ಗುಡ್ಡ ಹತ್ತುತ್ತಿದ್ದರು. ಇವರಿಗೆ ಸಂಬಳ ಇಲ್ಲ. ಬಟ್ಟೆಗೆ, ತರಬೇತಿಗೆ, ಚಹಾಕ್ಕೆ ಅಂತ ಒಂದಿಷ್ಟು ಸಿಗುತ್ತದೆ, ಅಷ್ಟೇ. ಅನೇಕರು ಈಗ ಅಜ್ಜಿಯರು. ಅವರ ಸೊಸೆಯಂದಿರು ಈ ಕೆಲಸಕ್ಕೆ ಬರಲು ತಯಾರಿಲ್ಲ. ಯಾಕೆ ಬರಬೇಕು? ಸೇವೆ ಅಂತ ಹೆಸರಿಟ್ಟು ಹೆಂಗಸರಿಂದ ಮೂವತ್ತು ವರ್ಷ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ. ನಮ್ಮ ಆಶಾದವರು ಬೆಂಗಳೂರಿನ ಬೀದಿಯಲ್ಲಿ ಕೂತು ಗೌರವಧನ ಕೇಳುವಾಗಲೂ ನನಗೆ ಇದೇ ಅನಿಸುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಕೂಸಿನ ಹೊಕ್ಕುಳಿಗೆ ಏನಾದರೂ ಹಚ್ಚುವುದು ಇಲ್ಲಿನ ರೂಢಿ. ಸಾಸಿವೆ ಎಣ್ಣೆ, ಅರಿಶಿನ, ಕೆಲವು ಕಡೆ ಬೂದಿ. ನಮ್ಮ ಹಳ್ಳಿಗಳಲ್ಲೂ ಏನೇನು ಹಚ್ಚುತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ಡಾಕ್ಟರು ಏನೂ ಹಚ್ಚಬೇಡಿ ಅಂದರೆ ಅಜ್ಜಿಯರ ಕೈ ಕೇಳುವುದಿಲ್ಲ. ನೇಪಾಳದವರು ಜಾಣತನ ಮಾಡಿದರು. ಹಚ್ಚಲೇಬೇಕಾ, ಇದನ್ನು ಹಚ್ಚಿ ಅಂತ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಮುಲಾಮಿನ ಒಂದು ಪುಟ್ಟ ಟ್ಯೂಬ್ ಕೊಟ್ಟರು. ನಾಭಿ ಮಲಮ್ ಅಂತ ಹೆಸರು, ತಯಾರಾಗುವುದು ಕಠ್ಮಂಡುವಿನಲ್ಲೇ. ಅದಕ್ಕೆ ಮುಂಚೆ ತರಾಯಿಯ ಸರ್ಲಾಹಿ ಜಿಲ್ಲೆಯಲ್ಲಿ ಪರೀಕ್ಷೆ ನಡೆದಿತ್ತು. 2006ರಲ್ಲಿ ಫಲಿತಾಂಶ ಬಂತು. ಹೊಕ್ಕುಳಿಗೆ ಈ ಔಷಧ ಹಾಕಿದ ಕೂಸುಗಳಲ್ಲಿ ಸಾವು ನೂರಕ್ಕೆ 24ರಷ್ಟು ಕಡಿಮೆ. ರೂಢಿಯನ್ನು ಬೈಯದೆ ಅದರ ಒಳಗೇ ಔಷಧ ಇಟ್ಟ ಈ ಕೆಲಸವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ, ಯಾಕೆಂದರೆ ಬಾಣಂತನದ ವಿಷಯದಲ್ಲೂ ಆಗಬೇಕಾದದ್ದು ಇದೇ.

ಇಲ್ಲಿನ ಬಾಣಂತಿಯ ಪಾಡು ಏನು? ಬಾಹುನ್ (ಬ್ರಾಹ್ಮಣ), ಛೇತ್ರಿ (ಕ್ಷತ್ರಿಯ) ಮನೆಗಳಲ್ಲಿ ಮಗಳು ತವರಿನಲ್ಲಿ ಹೆರುವುದು ಸರಿಯಲ್ಲ ಅನ್ನುವ ನಂಬಿಕೆ ಹಳೆಯದು. ಗಂಡನ ಮನೆಯಲ್ಲೇ ಆಗಬೇಕು. ಹನ್ನೊಂದು ದಿನ ಸೂತಕ. ಕರ್ನಾಲಿ ಮತ್ತು ಸುದೂರ ಪಶ್ಚಿಮದ ಕೆಲವು ಹಳ್ಳಿಗಳಲ್ಲಿ ಆ ದಿನಗಳನ್ನು ಆಕೆ ದನದ ಕೊಟ್ಟಿಗೆಯಲ್ಲೋ ಬೇರೆ ಗುಡಿಸಲಲ್ಲೋ ಕಳೆಯಬೇಕು. ಮುಟ್ಟಾದವರನ್ನು ಹೊರಗಿಡುವ ಛಾವಪಡಿಯ ಇನ್ನೊಂದು ಮುಖ ಇದು. ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿದೆ, 2018ರಿಂದ ಜೈಲು ಶಿಕ್ಷೆಯೂ ಇದೆ. ಗುಡಿಸಲು ಕೆಡವಿದ್ದೂ ಆಯಿತು. ಆದರೆ ಭಯ ಗುಡಿಸಲಿನಲ್ಲಿ ಇರುವುದಿಲ್ಲ. ಹನ್ನೊಂದನೇ ದಿನ ನಾಮಕರಣ, ಶುದ್ಧಿ. ಆಮೇಲೆ ಹುಲ್ಲು, ಸೌದೆ, ನೀರು. ಬೆನ್ನ ಮೇಲೆ ಡೋಕೋ ಬುಟ್ಟಿ ಹೊತ್ತು ಏರು ಹತ್ತಬೇಕು. ಹಸಿ ಮೈಯಲ್ಲಿ ಭಾರ ಹೊತ್ತು ಗರ್ಭಕೋಶ ಜಾರಿದ ಹೆಂಗಸರು ಈ ಗುಡ್ಡಗಳಲ್ಲಿ ಬಹಳ ಮಂದಿ. ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ.

ಧಾರವಾಡದ ಕಡೆಯ ನಮ್ಮ ಮನೆಯ ಬಾಣಂತನ ನೋಡಿ ಬೆಳೆದವನಿಗೆ ಇದು ಕರುಳು ಹಿಂಡುತ್ತದೆ. ಚೊಚ್ಚಲ ಹೆರಿಗೆಗೆ ನನ್ನ ತಂಗಿ ತವರಿಗೆ ಬಂದಾಗ ಮೂರು ತಿಂಗಳು ಅವಳು ಕೊಡ ಎತ್ತಿದ್ದು ನಾನು ನೋಡಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವವರು ದಿನಾ ಬರುತ್ತಿದ್ದರು. ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಬಿಸಿ ಅನ್ನಕ್ಕೆ ತುಪ್ಪ ತಪ್ಪುತ್ತಿರಲಿಲ್ಲ. 'ಏನವ್ವಾ, ತಲಿ ನೋಯಾಕತ್ತದೇನು?' ಅಂತ ಅವ್ವ ಗಂಟೆಗೊಮ್ಮೆ ಕೇಳುತ್ತಿದ್ದಳು. ಈಗ ಯೋಚಿಸಿದರೆ ಆ ಪ್ರಶ್ನೆ ದೊಡ್ಡದು. ಹೆರಿಗೆ ಆದ ಮೇಲೂ ಬಿಪಿ ಏರಿ ತಾಯಂದಿರು ಸಾಯುತ್ತಾರೆ, ತಲೆನೋವು ಅದರ ಒಂದು ಮುಖ್ಯ ಸೂಚನೆ. ನಮ್ಮ ಬಾಣಂತನದಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ನೀರು ಕುಡಿಯಲು ಬಿಡದೆ ಬಾಯಾರಿಸಿದ್ದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿದ್ದು, ಹಣ್ಣು ನಂಜು ಅಂತ ಕೊಡದೆ ಇದ್ದದ್ದು ತಾಯಿಗೂ ಕೂಸಿಗೂ ಕೇಡೇ. ತವರು ಬಡವಾದರೆ ಸಾಲ ಬೇರೆ. ಆದರೂ ಅದರ ತಿರುಳು ಗಟ್ಟಿ. ಹೆತ್ತವಳನ್ನು ನೋಡಿಕೊಳ್ಳುವುದು ಒಬ್ಬರ ಕರ್ತವ್ಯ, ಆಕೆಗೆ ಮಾಡುವ ಉಪಕಾರ ಅಲ್ಲ ಅನ್ನುವುದು ಅಲ್ಲಿ ಇತ್ಯರ್ಥವಾಗಿರುತ್ತದೆ.

ಹಾಗಂತ ಕರ್ನಾಟಕದವರು ಬೀಗುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಓದಿದ ದಿನ ನನಗೆ ಇಲ್ಲಿ ಕೆಲಸಕ್ಕೆ ಮನಸ್ಸು ಬರಲಿಲ್ಲ. ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುವ ರಾಜ್ಯ ನಮ್ಮದು. ಅಲ್ಲೂ ಜೀವ ಹೋಗುವುದು ಹೆಚ್ಚಾಗಿ ಹೆತ್ತ ಮೇಲೆಯೇ. ಮಕ್ಕಳ ಬೆಳವಣಿಗೆಯ ಲೆಕ್ಕ ನೋಡಿದರೆ ಇನ್ನೂ ಸಂಕಟ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ನೇಪಾಳದಲ್ಲಿ 2022ರ ಹೊತ್ತಿಗೆ ನೂರಕ್ಕೆ 25. ನಮ್ಮ ರಾಜ್ಯದಲ್ಲಿ 2019-21ರ ಸಮೀಕ್ಷೆಯ ಪ್ರಕಾರ 35. ರಕ್ತಹೀನತೆ ಇರುವ ಹೆಂಗಸರು ಇಲ್ಲಿ 34, ನಮ್ಮಲ್ಲಿ 48ರ ಹತ್ತಿರ. ಎತ್ತರ ಬೆಳೆಯದ ಮಕ್ಕಳ ಲೆಕ್ಕದಲ್ಲಿ ಬಡ ಕರ್ನಾಲಿ ಪ್ರಾಂತ್ಯದ ಸ್ಥಿತಿಯೂ ನಮ್ಮ ಇಡೀ ಕರ್ನಾಟಕದ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ ಅಂದರೆ ನಂಬುವುದು ಕಷ್ಟ. ನಂಬಲೇಬೇಕು.

ಹೆಲಿಕಾಪ್ಟರ್ ವಿಷಯಕ್ಕೆ ಬರುತ್ತೇನೆ. ಕಷ್ಟದ ಹೆರಿಗೆಯಾದವರನ್ನು ದೂರದ ಜಿಲ್ಲೆಗಳಿಂದ ಹೆಲಿಕಾಪ್ಟರಿನಲ್ಲಿ ಕರೆತರುವ ಕಾರ್ಯಕ್ರಮ ರಾಷ್ಟ್ರಪತಿಗಳ ಹೆಸರಿನಲ್ಲಿ ನಡೆಯುತ್ತಿದೆ. ಇದರಿಂದ ಉಳಿದ ಜೀವಗಳಿವೆ, ನಿಲ್ಲಿಸಿ ಅಂತ ಯಾರೂ ಹೇಳಬಾರದು. ಆದರೆ ಹೆಲಿಕಾಪ್ಟರ್ ಕರೆಯಲು ಯಾರಾದರೂ ನೋಡಿರಬೇಕು. ಕೊಟ್ಟಿಗೆಯಲ್ಲಿ ಮೂರನೇ ದಿನ ಜ್ವರ ಬಂದವಳನ್ನು ನೋಡುವವರು ಯಾರು? ಹುಟ್ಟಿ ಒಂದು ತಿಂಗಳೊಳಗೆ ಸಾಯುವ ಕೂಸುಗಳ ಲೆಕ್ಕ 2016ರಲ್ಲಿ ಸಾವಿರಕ್ಕೆ 21 ಇತ್ತು, 2022ರಲ್ಲೂ 21. ಒಂದು ಹೆಜ್ಜೆಯೂ ಸರಿದಿಲ್ಲ. ನಾನು ರಿಪೇರಿ ಮಾಡುವ ವಾರ್ಮರ್‌ಗಳಿಂದ ಇದು ಇಳಿಯುವುದಿಲ್ಲ ಅಂತ ನನಗೆ ಗೊತ್ತು.

ಇಳಿಸುವ ದಾರಿ ಇಲ್ಲೇ ಇದೆ. ಮಕ್ವಾನ್‌ಪುರ ಜಿಲ್ಲೆಯಲ್ಲಿ ಹೆಂಗಸರ ಗುಂಪು ಕಟ್ಟಿ, ತಿಂಗಳಿಗೊಮ್ಮೆ ಕೂತು ಬಸುರಿ, ಬಾಣಂತಿ, ಕೂಸಿನ ಕಷ್ಟಗಳನ್ನು ಅವರೇ ಮಾತಾಡಿ ಉಪಾಯ ಹುಡುಕುವಂತೆ ಮಾಡಿದ್ದರು. 2004ರಲ್ಲಿ ಬಂದ ಫಲಿತಾಂಶದಲ್ಲಿ ಹಸುಗೂಸುಗಳ ಸಾವು ನೂರಕ್ಕೆ 30ರಷ್ಟು ಇಳಿದಿತ್ತು. ಅತ್ತೆಯಂದಿರೂ ಆ ಗುಂಪಿನಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ. ಅತ್ತೆಯನ್ನು ಶತ್ರು ಮಾಡಿ ಈ ಗುಡ್ಡದಲ್ಲಿ ಏನೂ ಸಾಧಿಸಲಾಗದು. ಅವರೂ ಕೊಟ್ಟಿಗೆಯಲ್ಲೇ ಹೆತ್ತವರು.

2017ರಿಂದ ಇಲ್ಲಿ ಸ್ವಾಸ್ಥ್ಯ ಚೌಕಿಗಳು 753 ಸ್ಥಳೀಯ ಪಾಲಿಕೆಗಳ ಕೈಯಲ್ಲಿವೆ. ಕೆಲವು ಪಾಲಿಕೆಗಳು ಒಂದು ಚಂದದ ಕಾರ್ಯಕ್ರಮ ಇಟ್ಟುಕೊಂಡಿವೆ. ಪಾಲಿಕೆಯ ಉಪಾಧ್ಯಕ್ಷೆ ಬಾಣಂತಿಯ ಮನೆಗೆ ಕೋಸೇಲಿ, ಅಂದರೆ ಉಡುಗೊರೆ ತೆಗೆದುಕೊಂಡು ಹೋಗುತ್ತಾರೆ. ಮೊಟ್ಟೆ, ತುಪ್ಪ, ಬಟ್ಟೆ. ಉಪಾಧ್ಯಕ್ಷೆ ಬರುವ ದಿನ ಬಾಣಂತಿಯನ್ನು ಕೊಟ್ಟಿಗೆಯಲ್ಲಿ ಕೂರಿಸಲು ಯಾವ ಮನೆಯವರಿಗೂ ಧೈರ್ಯ ಬರುವುದಿಲ್ಲ. ಇದೂ ನಾಭಿ ಮಲಮ್ ಥರದ ಉಪಾಯವೇ. ಈ ಕೋಸೇಲಿಯ ಜೊತೆ ಅನಮೀಯೂ ಹೋಗಬೇಕು ಅನ್ನುವುದು ನನ್ನ ಒತ್ತಾಯ. ಹೋಗುವುದು ಫೋಟೋ ತೆಗೆಯಲು ಅನುಕೂಲವಾದ ದಿನ ಆಗಬಾರದು, ಹೆರಿಗೆಯಾದ ಮೂರನೇ ದಿನ, ಏಳನೇ ದಿನ ಆಗಬೇಕು. ಬ್ಯಾಗಿನಲ್ಲಿ ಬಿಪಿ ಉಪಕರಣ, ಥರ್ಮಾಮೀಟರ್, ಕೂಸು ತೂಗುವ ಜೋಳಿಗೆ ತಕ್ಕಡಿ ಇರಬೇಕು. ದಾರಿ ತೋರಿಸಿ ಜೊತೆಗೆ ಬರುವ ಸ್ವಯಂಸೇವಿಕಾ ದಿದಿಗೆ ಆ ದಿನದ ಕೂಲಿ ಕೊಡಬೇಕು. ಮನೆಗೇ ಹೋಗಿ ಬಾಣಂತಿಯನ್ನು ನೋಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ, ಎಷ್ಟೋ ಕಡೆ ಅದಕ್ಕೆ ಆಳೂ ಇಲ್ಲ, ದಾರಿ ಖರ್ಚೂ ಇಲ್ಲ.

ಪಾಲಿಕೆಗಳು ನೇಪಾಳಿ ತಿಂಗಳು ಅಸಾರ್‌ನ 10ರೊಳಗೆ, ಅಂದರೆ ಜೂನ್ ಕೊನೆಯ ಹೊತ್ತಿಗೆ, ಬಜೆಟ್ ಮಂಡಿಸಬೇಕು. ನಾನು ಕೆಲಸಕ್ಕೆ ಹೋಗುವ ಪಾಲಿಕೆಗಳಲ್ಲೆಲ್ಲ ಈ ಬ್ಯಾಗಿನ ಖರ್ಚನ್ನು ಬರೆದುಕೊಡುತ್ತಿದ್ದೇನೆ. ಬಿಪಿ ಉಪಕರಣ, ತಕ್ಕಡಿಗಳ ರಿಪೇರಿ ನಾನೇ ಮಾಡಿಕೊಡುತ್ತೇನೆ ಅಂತಲೂ ಕೆಳಗೆ ಬರೆದಿದ್ದೇನೆ. ದಿದಿಯರ ಕೂಲಿಯ ಸಾಲಿನಲ್ಲಿ ಎಷ್ಟು ಹಾಕುತ್ತಾರೆ ಅನ್ನುವುದನ್ನು ಅಸಾರ್‌ನಲ್ಲಿ ನೋಡಬೇಕು.