ನನ್ನ ದುಡ್ಡು ನನ್ನದೇ ಖಾತೆಗೆ ಹೋಗೋಕೆ ಇಷ್ಟೆಲ್ಲ ಪರೀಕ್ಷೆಯಾ?

ನಾನು ಕೇಳಿದ್ದು ತುಂಬ ಸಣ್ಣ ವಿಷಯ. ಸಂಬಳ ಬಂದ ಮೇಲೆ ಪ್ರತಿ ತಿಂಗಳು ಒಂದಿಷ್ಟು ದುಡ್ಡು ನನ್ನ ಆನ್‌ಲೈನ್ ಉಳಿತಾಯ ಖಾತೆಗೆ ತಾನಾಗಿಯೇ ಹೋಗಬೇಕು. ಅಷ್ಟೇ. ಎರಡೂ ಖಾತೆ ನನ್ನ ಹೆಸರಲ್ಲೇ ಇವೆ. ಎರಡೂ ಬ್ಯಾಂಕಿಗೆ ಕೊಟ್ಟಿರುವ ಫೋನ್ ನಂಬರ್ ಒಂದೇ. ದುಡ್ಡು ನನ್ನ ಬಲಗೈಯಿಂದ ಎಡಗೈಗೆ ಹೋಗಬೇಕು, ಮಧ್ಯದಲ್ಲಿ ಬೇರೆ ಯಾರೂ ಇಲ್ಲ. ಆದರೂ ತಲೆ ಚಿಟ್ಟು ಹಿಡಿದು ಹೋಗಿದೆ.

ಖಾತೆ ತೆರೆಯುವಾಗ ಎಷ್ಟು ಸಲೀಸು ನೋಡಿ. ಒಂದು ಸೆಲ್ಫಿ, ಒಂದು ಗುರುತಿನ ಚೀಟಿಯ ಫೋಟೊ, ಮುಗಿಯಿತು. ಒಳಗೆ ಹೋದರೆ ‘ಪ್ರತಿ ತಿಂಗಳು ಉಳಿಸಿ’ ಅಂತ ಒಂದು ದೊಡ್ಡ ಬಟನ್. ಒತ್ತಿದರೆ ಏನು ಬರಬೇಕು? ಎಷ್ಟು, ಯಾವತ್ತು, ಎಲ್ಲಿಂದ ಅಂತ ಕೇಳಬೇಕು. ಬಂದಿದ್ದು ಒಂದೇ ಸಾಲು: ‘ನಿಮ್ಮ ಇನ್ನೊಂದು ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಕೊಳ್ಳಿ.’ ಹಾಗಾದರೆ ಬಟನ್ ಯಾಕೆ ಸ್ವಾಮಿ? ಬೋರ್ಡ್ ನೇತುಹಾಕಿದ್ದರೆ ಸಾಕಾಗಿತ್ತಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದುಡ್ಡು ತಿಂಗಳು ತಿಂಗಳು ತಾನಾಗಿ ಹೋಗುವುದಕ್ಕೆ ಎರಡು ದಾರಿ ಇವೆ. ಒಂದು, ನಮ್ಮ ಬ್ಯಾಂಕಿಗೆ ‘ಇಂಥ ದಿನ ಇಷ್ಟು ಕಳಿಸು’ ಅಂತ ನಾವೇ ಹೇಳಿಡುವುದು. ಅದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಇನ್ನೊಂದು, ನಾವು ಒಪ್ಪಿಗೆ ಕೊಟ್ಟ ಮೇಲೆ ದುಡ್ಡು ಬೇಕಾದವರೇ ಎಳೆದುಕೊಳ್ಳುವುದು. ಅದು ಡೈರೆಕ್ಟ್ ಡೆಬಿಟ್. ಈ ಎರಡನೆಯದು ಹೊಸದೇನಲ್ಲ. 1964ರಲ್ಲಿ ಬ್ರಿಟನ್ನಿನಲ್ಲಿ ಯೂನಿಲಿವರ್ ಕಂಪನಿಯಲ್ಲಿದ್ದ ಅಲಸ್ಟೇರ್ ಹ್ಯಾಂಟನ್ ಅನ್ನುವವರು ಐಸ್‌ಕ್ರೀಮ್ ಮಾರುವವರಿಂದ ದುಡ್ಡು ವಸೂಲಿ ಮಾಡುವುದಕ್ಕೆ ಹುಡುಕಿದ ದಾರಿ ಅದು. ಅಂದರೆ ಇಂಟರ್ನೆಟ್ಟೇ ಇಲ್ಲದ ಕಾಲದಲ್ಲಿ ಆಗಿದ್ದ ಕೆಲಸ.

ಇವತ್ತು ಸಾಲದ ಕಂತು, ಇನ್ಶೂರೆನ್ಸ್, ಜಿಮ್ಮು, ಸಿನಿಮಾ ನೋಡುವ ಆ್ಯಪು, ಎಲ್ಲರೂ ಅದೇ ದಾರಿಯಲ್ಲಿ ನನ್ನ ಖಾತೆಗೆ ಕೈ ಹಾಕುತ್ತಾರೆ. ಒಂದು ಸಲ ‘ಸರಿ’ ಅಂದರೆ ಸಾಕು. ತಾರೀಕು ತಪ್ಪಲ್ಲ, ದುಡ್ಡು ಬಿಡಲ್ಲ. ಖಾತೆಯಲ್ಲಿ ದುಡ್ಡು ಕಮ್ಮಿ ಇದ್ದರೆ ಆ ಕ್ಷಣವೇ ಮೆಸೇಜು, ಜೊತೆಗೆ ದಂಡ. ಕೊಡಬೇಕಾದವನು ನಾನಾದರೆ ಇವರ ಯಂತ್ರಗಳೆಲ್ಲ ಇಷ್ಟು ಚುರುಕು. ಉಳಿಸುತ್ತೇನೆ ಅಂತ ನಾನೇ ಬಂದರೆ ಮಾತ್ರ ಎಲ್ಲವೂ ಕುಂಟುತ್ತವೆ. ಹೊಟ್ಟೆ ಉರಿಯೋದು ಇಲ್ಲೇ.

ಹೋಗಲಿ ಅಂತ ಸಂಬಳದ ಖಾತೆ ಇರುವ ಬ್ಯಾಂಕಿಗೇ ಬಂದೆ. ಮೊದಲು ಬೆನಿಫಿಷಿಯರಿ ಸೇರಿಸಬೇಕು. ನನಗೆ ದುಡ್ಡು ಕಳಿಸುವುದಕ್ಕೆ ನಾನೇ ಬೆನಿಫಿಷಿಯರಿ. ಅದರಲ್ಲಿ ಒಂದು ಪ್ರಶ್ನೆ: ‘ಈ ವ್ಯಕ್ತಿಗೂ ನಿಮಗೂ ಏನು ಸಂಬಂಧ?’ ಪಟ್ಟಿಯಲ್ಲಿ ಅಪ್ಪ, ಅಮ್ಮ, ಸ್ನೇಹಿತ, ಬಾಡಿಗೆದಾರ, ವ್ಯಾಪಾರಿ, ಎಲ್ಲರೂ ಇದ್ದಾರೆ. ‘ನಾನೇ’ ಅನ್ನುವುದು ಮಾತ್ರ ಇಲ್ಲ. ಕೊನೆಗೆ ‘ಇತರೆ’ ಅಂತ ಒತ್ತಿದೆ. ನನಗೆ ನಾನು ಇತರೆ!

ಆಮೇಲೆ ಖಾತೆ ಸಂಖ್ಯೆ. ಎರಡು ಸಲ ಟೈಪ್ ಮಾಡಬೇಕು. ಕಾಪಿ ಮಾಡಿ ಪೇಸ್ಟ್ ಮಾಡೋಣ ಅಂದರೆ ಬಿಡಲ್ಲ, ‘ಸುರಕ್ಷತೆಗಾಗಿ’ ಅಂತೆ. ಅಷ್ಟುದ್ದದ ಸಂಖ್ಯೆಯನ್ನು ನೋಡಿ ನೋಡಿ ಟೈಪ್ ಮಾಡುವಾಗ ತಪ್ಪು ಜಾಸ್ತಿಯೋ, ಪೇಸ್ಟ್ ಮಾಡಿದಾಗ ಜಾಸ್ತಿಯೋ? ಪಾಸ್‌ವರ್ಡ್ ಹಾಕುವ ಜಾಗದಲ್ಲೇ ಪೇಸ್ಟ್ ಮಾಡಲು ಬಿಡಿ ಅಂತ ತಂತ್ರಜ್ಞಾನಕ್ಕೆ ಮಾನದಂಡ ರೂಪಿಸುವ ಅಮೆರಿಕದ ಸರಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ತನ್ನ ಸೂಚನೆಗಳಲ್ಲಿ ಬರೆದಿದೆ. ತಪ್ಪು ಹಿಡಿಯಲೇಬೇಕು ಅಂದರೆ ಅದಕ್ಕೂ ದಾರಿ ಇದೆ. ಐಬಾನ್ ಅನ್ನುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಲ್ಲಿ ಎರಡು ಅಂಕಿ ಇರುವುದೇ ಈ ಕೆಲಸಕ್ಕೆ. ಅಕ್ಷರಗಳನ್ನು ಅಂಕಿ ಮಾಡಿಕೊಂಡು, ಇಡೀ ಸಂಖ್ಯೆಯನ್ನು ಒಂಚೂರು ಹಿಂದುಮುಂದು ಮಾಡಿ 97ರಿಂದ ಭಾಗಿಸಿದರೆ ಶೇಷ 1 ಬರಬೇಕು. ಒಂದೇ ಒಂದು ಅಂಕಿ ತಪ್ಪಿದರೂ ಅಲ್ಲೇ ಸಿಕ್ಕಿಬೀಳುತ್ತದೆ. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಲೆಕ್ಕವನ್ನು ನನ್ನ ಬೆರಳಿಗೆ ಹಚ್ಚಿದ್ದಾರೆ.

ಸಂಖ್ಯೆ ನೋಡೋಕೆ ಅಂತ ಆ ಆ್ಯಪಿಗೆ ಹೋಗಿ ಬರುವಷ್ಟರಲ್ಲಿ ಈ ಆ್ಯಪು ಲಾಗ್‌ಔಟ್. ಒಟಿಪಿ ಬರುವಷ್ಟರಲ್ಲಿ ಪೇಜ್ ಎಕ್ಸ್‌ಪೈರ್. ಮತ್ತೆ ಮೊದಲಿಂದ ಶುರು. ಬರೆದಿದ್ದು ಒಂದೂ ಉಳಿದಿರಲ್ಲ.

ಹೊಸ ಬೆನಿಫಿಷಿಯರಿಗೆ ಮೊದಮೊದಲು ಜಾಸ್ತಿ ದುಡ್ಡು ಹೋಗದ ಹಾಗೆ ತಡೆ ಹಾಕಿದ್ದರು. ಅದಕ್ಕೆ ನನ್ನ ತಕರಾರಿಲ್ಲ. ಮೋಸ ಮಾಡುವವರು ಜನರನ್ನು ಅವಸರಪಡಿಸಿಯೇ ದುಡ್ಡು ಹೊಡೆಯುತ್ತಾರೆ, ಒಂದಿಷ್ಟು ಹೊತ್ತು ತಡೆದರೆ ಯಾರದೋ ದುಡ್ಡು ಉಳಿಯುತ್ತದೆ. ಕಾಯುತ್ತೇನೆ. ಆದರೆ ಕಾದ ಮೇಲಾದರೂ ಕೆಲಸ ಆಗಬೇಕಲ್ವಾ?

ಇನ್ನು ತಾರೀಕಿನ ಕಥೆ. 1ರಿಂದ 28ರವರೆಗೆ ಮಾತ್ರ ಆರಿಸಬಹುದು. ಫೆಬ್ರವರಿ ಕಾರಣಕ್ಕೆ, ಒಪ್ಪಿಕೊಂಡೆ. ಆದರೆ ಸಂಬಳ ಬರುವುದು ತಿಂಗಳ ಕೊನೆಯ ಕೆಲಸದ ದಿನ. ‘ಕೊನೆಯ ಕೆಲಸದ ದಿನ’ ಅಂತ ಒಂದು ಆಯ್ಕೆ ಕೊಡೋಕೆ ಏನು ಕಷ್ಟ? ಇಲ್ಲ. ಸರಿ, 1ನೇ ತಾರೀಕು ಅಂತ ಹಾಕಿದೆ. 1ನೇ ತಾರೀಕು ರಜೆ ಬಂದರೆ? ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ‘ಹಿಂದಿನ ಕೆಲಸದ ದಿನ ಕಳಿಸಲಾಗುವುದು’ ಅಂತ. ಆವತ್ತೇ ತಾನೇ ಸಂಬಳ ಬರೋದು? ಇವರು ದುಡ್ಡು ಎತ್ತೋಕೆ ಹೋಗೋದು ಬೆಳಗಿನ ಜಾವ, ಸಂಬಳ ಬೀಳೋದು ಮಧ್ಯಾಹ್ನದ ಮೇಲೆ. ಖಾತೆಯಲ್ಲಿ ದುಡ್ಡಿಲ್ಲ ಅಂತ ಅರ್ಜಿ ವಜಾ. ಸಂಜೆ ಇನ್ನೊಂದು ಸಲ ನೋಡೋಣ ಅನ್ನುವ ಬುದ್ಧಿ ಆ ಯಂತ್ರಕ್ಕಿಲ್ಲ.

ಹಾಗೇ ಆಯಿತು. ದುಡ್ಡು ಹೋಗಲೇ ಇಲ್ಲ. ಆಗದಿದ್ದರೆ ಆಗಲಿಲ್ಲ ಅಂತ ಹೇಳಬೇಕಲ್ಲ? ಹಬ್ಬಕ್ಕೆ ಶುಭಾಶಯ, ಸಾಲ ಬೇಕಾ, ಕಾರ್ಡ್ ಬೇಕಾ ಅಂತ ಹೊತ್ತಿಲ್ಲ ಗೊತ್ತಿಲ್ಲ ಮೆಸೇಜ್ ಕಳಿಸುವ ಬ್ಯಾಂಕು ಇದಕ್ಕೆ ಮಾತ್ರ ತುಟಿ ಬಿಚ್ಚಲಿಲ್ಲ. ನನಗೆ ಗೊತ್ತಾಗಿದ್ದು ಉಳಿತಾಯ ಖಾತೆಯ ಬಡ್ಡಿ ನೋಡಿದಾಗ. ಪ್ರತಿ ತಿಂಗಳು ತಪ್ಪದೆ ಹಾಕಿದರೆ ಮಾತ್ರ ಜಾಸ್ತಿ ಬಡ್ಡಿ, ಒಂದು ತಿಂಗಳು ತಪ್ಪಿದರೂ ಮಾಮೂಲಿ ಬಡ್ಡಿ. ಆ ಷರತ್ತು ಮಾತ್ರ ಒಂದು ದಿನವೂ ತಡವಾಗದೆ ಜಾರಿಯಾಗಿತ್ತು.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಉಳಿತಾಯ ಖಾತೆಯವರು, ‘ಸರ್, ನಮಗೆ ದುಡ್ಡೇ ಬಂದಿಲ್ಲ, ಕಳಿಸುವ ಬ್ಯಾಂಕನ್ನು ಕೇಳಿ’ ಅಂದರು. ಕಳಿಸುವ ಬ್ಯಾಂಕಿನವರು, ‘ಸರ್, ಬಡ್ಡಿ ವಿಷಯ ನಮಗೆ ಸಂಬಂಧ ಇಲ್ಲ, ಅವರನ್ನೇ ಕೇಳಿ’ ಅಂದರು. ದುಡ್ಡು ಯಾಕೆ ಹೋಗಲಿಲ್ಲ ಅಂತ ಮಾತ್ರ ಹೇಳಿ ತಾಯಿ ಅಂದೆ. ‘ಸಿಸ್ಟಮ್‌ನಲ್ಲಿ ಫೇಲ್ಡ್ ಅಂತ ತೋರಿಸ್ತಾ ಇದೆ ಸರ್.’ ಅದು ನನಗೂ ಕಾಣಿಸುತ್ತಾ ಇದೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಫೋನ್ ಎತ್ತಿದ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಕೊಟ್ಟಿರುವ ಪರದೆಯಲ್ಲಿ ಅಷ್ಟೇ ಇರೋದು.

ಇದರ ಮೇಲೆ ಉಪದೇಶ ಬೇರೆ. ‘ಜನ ಉಳಿತಾಯ ಮಾಡಲ್ಲ, ಶಿಸ್ತು ಇಲ್ಲ.’ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ಕಂಪನಿಯ ನೌಕರರಿಗೆ, ಸಂಬಳ ಏರಿದಾಗಲೆಲ್ಲ ಉಳಿತಾಯವೂ ತಾನಾಗಿ ಏರುವ ಹಾಗೆ ಮಾಡಿಕೊಟ್ಟರು. ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಹೋಯಿತು. ಅದೇ ಜನ, ಅದೇ ಶಿಸ್ತು. ದಾರಿ ಮಾತ್ರ ಸಲೀಸಾಯಿತು. ಇದು ಬ್ಯಾಂಕಿನವರಿಗೆ ಗೊತ್ತಿಲ್ಲ ಅಂತೀರಾ? ಕಂತು ವಸೂಲಿ ಮಾಡುವಾಗ ಚೆನ್ನಾಗಿ ಗೊತ್ತಿದೆ.

ಎರಡೂ ಕಡೆ ಬರೆದು ದೂರು ಕೊಟ್ಟೆ. ನಾನು ಕೇಳಿದ್ದು ಇಷ್ಟೇ: ದುಡ್ಡು ಹೋಗದಿದ್ದರೆ ಅವತ್ತೇ ತಿಳಿಸಿ, ಸಂಜೆ ಇನ್ನೊಂದು ಸಲ ಪ್ರಯತ್ನ ಮಾಡಿ, ಕಳೆದ ಬಡ್ಡಿ ವಾಪಸ್ ಕೊಡಿ. ನಿನ್ನೆ ಒಂದು ಕಡೆಯಿಂದ ಮೆಸೇಜ್ ಬಂತು, ‘ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಏನು ಬಗೆಹರಿಯಿತು, ಹೇಗೆ ಬಗೆಹರಿಯಿತು ಅಂತ ಒಂದಕ್ಷರ ಇಲ್ಲ. ಒಂದು ಸ್ಟಾರ್ ಒತ್ತಿ, ದೂರನ್ನು ಮತ್ತೆ ತೆರೆಸಿದ್ದೇನೆ. ಇನ್ನೊಂದು ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.