ದೊಡ್ಡಮ್ಮನಿಗೆ ಮಾತು ಬರಲ್ಲ ಅಂತ ಬರೆದಿದಾರೆ, ಕೇಳಿದ್ದು ಯಾವ ಭಾಷೇಲಿ?

ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಕೈಕಾಲು ಕೂಡ ತೊಳೀದೆ ಬರೆಯೋಕೆ ಕೂತಿದೀನಿ, ಸಿಟ್ಟು ಇಳಿದ್ಮೇಲೆ ಬರೆದ್ರೆ ಎಲ್ಲಾನೂ ಮೆತ್ತಗೆ ಮಾಡಿ ಬರೀತೀನಿ ಅಂತ ಭಯ.

ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಮೂರು ವಾರ ಆಯ್ತು, ನಿಮಗೆಲ್ಲ ಗೊತ್ತು. ನಾನು ಅವರ ಕೈಯಲ್ಲೇ ಬೆಳೆದವಳು ಅನ್ನೋದೂ ಗೊತ್ತು. ಕಾಲು ಪರವಾಗಿಲ್ಲ, ಬಲಗೈ ಸ್ವಲ್ಪ ಸ್ವಲ್ಪ ಆಡ್ತಿದೆ. ಪೆಟ್ಟು ಬಿದ್ದಿರೋದು ಮಾತಿಗೆ. ಅಫೇಸಿಯಾ ಅಂತಾರೆ. ಬುದ್ಧಿ ಹೋಗಿಲ್ಲ, ನೆನಪು ಹೋಗಿಲ್ಲ, ನಮ್ಮನ್ನೆಲ್ಲ ಗುರುತು ಹಿಡೀತಾರೆ, ಆದ್ರೆ ಒಳಗಿರೋ ಮಾತು ಬಾಯಿಗೆ ಬರೋ ದಾರಿ ಕೆಟ್ಟಿದೆ. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಇದಾಗತ್ತೆ, ಅಷ್ಟು ಸಾಮಾನ್ಯ.

ಇವತ್ತು ಮಾತಿನ ಪರೀಕ್ಷೆ ಇತ್ತು. ಸ್ಪೀಚ್ ಥೆರಪಿಸ್ಟ್ ಹುಡುಗಿ ಒಳ್ಳೆಯವಳೇ, ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡು ನಿಧಾನವಾಗಿ ಮಾತಾಡ್ಸಿದ್ಲು, ಅವಳ ಮೇಲೆ ನಂಗೆ ಕೋಪ ಇಲ್ಲ. ಒಂದೊಂದೇ ಚಿತ್ರ ತೋರಿಸ್ತಾ ಹೋದ್ಲು, ಇದೇನು, ಇದೇನು ಅಂತ. ಎಲ್ಲಾ ಇಂಗ್ಲಿಷಲ್ಲಿ. ಬಾಚಣಿಗೆ ಚಿತ್ರ ಬಂದಾಗ ದೊಡ್ಡಮ್ಮ ಎಡಗೈನ ತಲೆ ಹತ್ರ ತಗೊಂಡ್ಹೋಗಿ "ಬಾ... ಬಾಚ..." ಅಂದ್ರು. ಹುಡುಗಿ ಹಾಳೆ ಮೇಲೆ ಸೊನ್ನೆ ಬರೆದ್ಲು. ಅವಳಿಗೆ ಕನ್ನಡ ಬರಲ್ಲ, ಅವಳ ಕಿವಿಗೆ ಅದು ಬರೀ ತೊದಲು. ನಂಗೆ ಅದು ಮುಕ್ಕಾಲು ಪದ. ಮುಕ್ಕಾಲು ಪದಕ್ಕೂ ಸೊನ್ನೆಗೂ ಎಷ್ಟು ವ್ಯತ್ಯಾಸ ಇದೆ ಅಂತ ಮೂರು ವಾರದಿಂದ ಒಂದು ಪದಕ್ಕೆ ಕಾಯ್ತಾ ಕೂತಿರೋ ಮನೆಯವರನ್ನ ಕೇಳಿ.

ಕೊನೆಗೆ ರಿಪೋರ್ಟಲ್ಲಿ ಬರೆದಿದ್ದು: ತೀವ್ರ ಅಫೇಸಿಯಾ, ವಸ್ತುಗಳ ಹೆಸರು ಹೇಳೋಕಾಗಲ್ಲ, ಎರಡು ಪದ ಕೂಡಿಸೋಕಾಗಲ್ಲ. ಸಾಯಂಕಾಲ ಅದೇ ದೊಡ್ಡಮ್ಮ ಮಂಚದ ಮೇಲೆ ಮಲಗಿದ್ದವರು ನನ್ನ ಕಡೆ ತಿರುಗಿ "ಬಾಗ್ಲು ಹಾಕು" ಅಂದ್ರು! ಎರಡು ಪದ, ಕೂಡಿಸಿ, ಸರಿಯಾದ ಹೊತ್ತಿಗೆ, ಯಾಕಂದ್ರೆ ಬಾಗಿಲು ನಿಜವಾಗ್ಲೂ ತೆಗೆದಿತ್ತು.

ಇಂಗ್ಲಿಷಲ್ಲಿ ಯಾಕೆ ಪರೀಕ್ಷೆ ಮಾಡಿದ್ರಿ ಅಂತ ಕೇಳ್ದೆ. ಫೈಲಲ್ಲಿ ಭಾಷೆ ಇಂಗ್ಲಿಷ್ ಅಂತಿದೆ ಅಂದ್ರು. ಇದೆ, ಸುಳ್ಳಲ್ಲ. ಮೂವತ್ತೈದು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವರು, ಪತ್ರ ಎಲ್ಲಾ ಇಂಗ್ಲಿಷಲ್ಲೇ ಬರೀತಿದ್ರು. ಆದ್ರೆ ಕೂಡೋದು ಕಳೆಯೋದು ಬಾಯಲ್ಲಿ ಕನ್ನಡದಲ್ಲೇ. ಬೈಯ್ಯೋದು ಕನ್ನಡದಲ್ಲಿ, ನಿದ್ದೆಗಣ್ಣಲ್ಲಿ ಮಾತಾಡೋದು ಕನ್ನಡದಲ್ಲಿ. ಫೈಲಲ್ಲಿ ಭಾಷೆ ಅನ್ನೋ ಜಾಗದಲ್ಲಿ ಒಂದೇ ಒಂದು ಖಾನೆ ಇದೆ. ಒಬ್ಬ ಮನುಷ್ಯನಿಗೆ ಒಂದೇ ಭಾಷೆ ಅಂತ ಆ ಖಾನೆ ಮಾಡಿದವರೇ ತೀರ್ಮಾನ ಮಾಡಿಬಿಟ್ಟಿದಾರೆ. ಎರಡು ಮೂರು ಭಾಷೇಲಿ ಬದುಕೋ ಜನ ಜಗತ್ತಲ್ಲಿ ಕೋಟಿಗಟ್ಟಲೆ ಇದಾರಲ್ಲ, ಅವರಿಗೆ ಸ್ಟ್ರೋಕ್ ಆಗಲ್ವಾ?

ಮೂರು ವಾರದಿಂದ ರಾತ್ರಿ ಕೂತು ಓದ್ತಿದೀನಿ, ಬೇರೆ ಏನು ಮಾಡ್ಲಿ. ಓದಿದಷ್ಟೂ ಸಿಟ್ಟು ಜಾಸ್ತಿ ಆಗ್ತಿದೆ, ಯಾಕಂದ್ರೆ ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ವೇ ಅಲ್ಲ. 1895ರಲ್ಲೇ ಪಿತ್ರ್ ಅನ್ನೋ ಫ್ರೆಂಚ್ ಡಾಕ್ಟರು ಹಲವು ಭಾಷೆ ಗೊತ್ತಿದ್ದ ರೋಗಿಗಳ ಬಗ್ಗೆ ಬರೆದು, ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ವಾಪಸ್ ಬರತ್ತೆ ಅಂದಿದ್ರು. ಅದಕ್ಕೂ ಮುಂಚೆ ರಿಬೋ ಅನ್ನೋರು, ಇಲ್ಲ, ಮೊದಲು ಕಲಿತ ಭಾಷೆ ಗಟ್ಟಿಯಾಗಿ ಉಳಿಯತ್ತೆ ಅಂದಿದ್ರು. ಆಮೇಲೆ ನೋಡಿದ್ರೆ ಎರಡೂ ನಿಯಮ ಎಲ್ಲರಿಗೂ ಹೊಂದಲ್ಲ. ಕೆಲವರಿಗೆ ಎರಡು ಭಾಷೆನೂ ಒಟ್ಟಿಗೆ ಸುಧಾರಿಸತ್ತೆ, ಕೆಲವರಿಗೆ ಒಂದು ಬಂದು ಇನ್ನೊಂದು ಬರೋದೇ ಇಲ್ಲ, ಕೆಲವರಿಗೆ ಒಂದು ಚೇತರಿಸ್ಕೊಳ್ತಾ ಇದ್ದಂಗೆ ಇನ್ನೊಂದು ಕುಸಿಯತ್ತೆ. ಅಂದ್ರೆ ಒಂದು ಭಾಷೇಲಿ ಕೇಳಿ ಇನ್ನೊಂದರ ಸ್ಥಿತಿ ಊಹೆ ಮಾಡೋಕೆ ಆಗೋದೇ ಇಲ್ಲ.

ಒಂದು ಕೇಸ್ ಓದಿದಾಗಿಂದ ತಲೆಯಿಂದ ಹೋಗ್ತಾನೇ ಇಲ್ಲ. 1982ರಲ್ಲಿ ಪ್ರಕಟವಾಗಿದ್ದು, ಮೊರಾಕೋದಲ್ಲಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿ, ಫ್ರೆಂಚು ಅರಬಿ ಎರಡೂ ಬಲ್ಲವರು. ಅವರಿಗೆ ಆಗಿದ್ದು ಸ್ಟ್ರೋಕ್ ಅಲ್ಲ, ಅಪಘಾತದಲ್ಲಿ ತಲೆಗೆ ಪೆಟ್ಟು, ಆದ್ರೆ ಅಫೇಸಿಯಾನೇ. ಒಂದು ದಿನ ಅರಬಿ ಚೆನ್ನಾಗಿ ಬರ್ತಿತ್ತು, ಫ್ರೆಂಚ್ ತಡವರಿಸ್ತಿತ್ತು. ಮಾರನೇ ದಿನ ನೋಡಿದ್ರೆ ಉಲ್ಟಾ. ಇನ್ನೂ ಆಶ್ಚರ್ಯ ಅಂದ್ರೆ, ಆ ದಿನ ತಾನಾಗಿ ಮಾತಾಡೋಕೆ ಆಗದೇ ಇದ್ದ ಭಾಷೆಗೆ ಅನುವಾದ ಮಾತ್ರ ಮಾಡ್ತಿದ್ರು. ಇದು ತುಂಬ ಅಪರೂಪದ್ದು, ಒಪ್ತೀನಿ. ಆದ್ರೂ ಅವರನ್ನ ಒಂದೇ ದಿನ, ಒಂದೇ ಭಾಷೇಲಿ ಪರೀಕ್ಷೆ ಮಾಡಿ ಕಳಿಸಿದ್ರೆ ಏನು ಬರೀತಿದ್ರು ಯೋಚನೆ ಮಾಡಿ.

ಪರೀಕ್ಷೆ ವಿಷಯಕ್ಕೆ ಬರ್ತೀನಿ. ಬಾಸ್ಟನ್ ನೇಮಿಂಗ್ ಟೆಸ್ಟ್ ಅಂತ ಜಗತ್ತಿನಾದ್ಯಂತ ಬಳಸೋ ಪರೀಕ್ಷೆ ಇದೆ, 60 ಚಿತ್ರ. ಅದ್ರಲ್ಲಿ ಹಿಮದ ಮನೆ ಇಗ್ಲೂ ಇದೆ, ಬೀವರ್ ಅನ್ನೋ ಪ್ರಾಣಿ ಇದೆ, ಪ್ರೆಟ್ಜೆಲ್ ಅನ್ನೋ ತಿಂಡಿ ಇದೆ. ಜೀವನದಲ್ಲಿ ಒಂದು ಸಲಾನೂ ಬೀವರ್ ನೋಡದ ಎಂಬತ್ತು ವರ್ಷದವರು ಅದರ ಹೆಸರು ಹೇಳದೇ ಇದ್ರೆ ಅದು ಮೆದುಳಿನ ತಪ್ಪಾ? ಸರಿ ಹಾಗಿದ್ರೆ ಅನುವಾದ ಮಾಡಿದ್ರಾಯ್ತು ಅಂತೀರಾ, ಅಲ್ಲೇ ಇರೋದು ಎಡವಟ್ಟು. ಇಂಗ್ಲಿಷಲ್ಲಿ ಅಫೇಸಿಯಾ ಆದವರು ಈಸ್, ದ ಥರದ ಸಣ್ಣ ಪದ ಬಿಟ್ಟು ಮಾತಾಡಿದ್ರೆ ವ್ಯಾಕರಣ ಕುಸಿದಿದೆ ಅಂತ ಲೆಕ್ಕ. ನಮ್ಮ ಭಾಷೇಲಿ ಆ ಸಣ್ಣ ಪದಗಳೇ ಇಲ್ವಲ್ಲ! "ಅವರು ಟೀಚರ್" ಅನ್ನೋದು ನಮಗೆ ಪೂರ್ತಿ ವಾಕ್ಯ, ಅದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ಹಾಕಿ ನೋಡಿದವರಿಗೆ ಮುರಿದ ಮಾತು. "ಬರ್ಲಿಲ್ವಂತೆ" ಅಂತ ದೊಡ್ಡಮ್ಮ ಒಂದು ಪದ ಅಂದ್ರೆ ಅದರೊಳಗೆ ಬರೋ ಕ್ರಿಯೆ ಇದೆ, ಅದು ಆಗಲಿಲ್ಲ ಅನ್ನೋದಿದೆ, ಯಾರೋ ಹೇಳಿದ್ದು ಅನ್ನೋದೂ ಇದೆ. ಎಷ್ಟು ಪದ ಕೂಡಿಸಿದ್ರು ಅಂತ ಎಣಿಸೋ ಹಾಳೇಲಿ ಅದು ಒಂದು, ಬರೀ ಒಂದು. ಮತ್ತೆ ಕನ್ನಡದ ಪರೀಕ್ಷೆ ಅಂದ್ರೂ ಯಾವ ಕನ್ನಡ? ಒಬ್ಬರು ಪೊರಕೆ ಅಂತಾರೆ, ಒಬ್ಬರು ಕಸಬರಿಗೆ, ಇನ್ನೊಬ್ಬರು ಹಿಡಿಸೂಡಿ. ಉತ್ತರದ ಹಾಳೇಲಿ ಪೊರಕೆ ಅಂತ ಒಂದೇ ಇದ್ರೆ ಉಳಿದಿಬ್ಬರೂ ಫೇಲ್.

ಇದಕ್ಕೆಲ್ಲ ದಾರಿನೇ ಇಲ್ಲ ಅಂದಿದ್ರೆ ಸುಮ್ಮನಾಗ್ತಿದ್ದೆ. ಮಿಶೆಲ್ ಪಾರಾಡಿ ಅನ್ನೋ ವಿದ್ವಾಂಸರು ಮತ್ತವರ ಜೊತೆಗಾರರು ಬೈಲಿಂಗ್ವಲ್ ಅಫೇಸಿಯಾ ಟೆಸ್ಟ್ ಅಂತ 1980ರ ದಶಕದಲ್ಲೇ ಮಾಡಿಟ್ಟಿದಾರೆ, ಹತ್ತಾರು ಭಾಷೇಲಿದೆ, ಕನ್ನಡದಲ್ಲೂ ಇದೆ. ಮೊದಲ ಭಾಗದಲ್ಲಿ ರೋಗಿ ಯಾವ ಭಾಷೆ ಎಲ್ಲಿ, ಯಾರ ಜೊತೆ, ಎಷ್ಟು ಬಳಸ್ತಿದ್ರು ಅನ್ನೋ ಪ್ರಶ್ನೆಗಳು. ಆಮೇಲೆ ಒಂದೊಂದು ಭಾಷೇಲೂ ಬೇರೆ ಬೇರೆ ಪರೀಕ್ಷೆ, ಕೊನೆಗೆ ಒಂದರಿಂದ ಇನ್ನೊಂದಕ್ಕೆ ಅನುವಾದ. ಅದೂ ಒಂದೇ ಮೂಲದಿಂದ ಪದಕ್ಕೆ ಪದ ಇಳಿಸಿದ್ದಲ್ಲ, ಆಯಾ ಭಾಷೆಯ ಜಾಯಮಾನಕ್ಕೆ ತಕ್ಕಂಗೆ ಕಟ್ಟಿರೋದು. ಇಷ್ಟು ವರ್ಷದಿಂದ ಇದೆ! ಇವತ್ತು ನಮ್ಮ ವಾರ್ಡಲ್ಲಿ ಅದರ ಹೆಸರು ಎತ್ತಿದ್ರೆ, ಕೇಳಿದೀನಿ, ಇಲ್ಲಿ ಬಳಸಲ್ಲ ಅಂದ್ರು.

ಈಗ ಒಂದು ವಿಷಯ ಹೇಳ್ಲೇಬೇಕು, ಹೇಳ್ದೇ ಇದ್ರೆ ಈ ಬರಹ ಅಪ್ರಾಮಾಣಿಕ ಆಗತ್ತೆ. ಮೊದಲನೇ ವಾರ ಅನುವಾದಕ್ಕೆ ಕೂತವಳು ನಾನೇ. ಡಾಕ್ಟರು ಕೇಳೋದು, ನಾನು ಕನ್ನಡದಲ್ಲಿ ದೊಡ್ಡಮ್ಮನ್ನ ಕೇಳೋದು, ಅವರು ಹೇಳಿದ್ದನ್ನ ಡಾಕ್ಟರಿಗೆ ಹೇಳೋದು. ದೊಡ್ಡಮ್ಮ ಕನ್ನಡಕ ತೋರಿಸಿ "ಕತ್ತರಿ" ಅಂದ್ರು, ನಾನು ಇಂಗ್ಲಿಷಲ್ಲಿ ಕನ್ನಡಕ ಅಂತ್ಲೇ ಹೇಳ್ದೆ. ಅವರು ಮಧ್ಯದಲ್ಲಿ ಅರ್ಥ ಇಲ್ಲದ ಒಂದು ಪದ ಹೇಳಿದ್ರು, ನಾನದನ್ನ ನುಂಗಿದೆ. ಅಷ್ಟು ಜನರ ಮುಂದೆ, ಜೀವನವಿಡೀ ಒಂದು ಪೈಸೆ ಲೆಕ್ಕ ತಪ್ಪದೇ ಇದ್ದ ನಮ್ಮ ದೊಡ್ಡಮ್ಮ ತಪ್ಪು ಮಾತಾಡೋದು ಯಾರಿಗೂ ಗೊತ್ತಾಗ್ಬಾರ್ದು ಅಂತ ಅನ್ನಿಸ್ತು, ಅಷ್ಟೇ. ಆದ್ರೆ ಆ ತಪ್ಪಿನಲ್ಲೇ ರೋಗದ ಗುರುತು ಇರೋದು. ಯಾವ ಪದದ ಬದಲು ಯಾವ ಪದ ಬಂತು, ಅರ್ಥದಲ್ಲಿ ಹತ್ತಿರವಾ, ಶಬ್ದದಲ್ಲಿ ಹತ್ತಿರವಾ, ಇದನ್ನ ನೋಡೇ ಥೆರಪಿಸ್ಟ್ ಮುಂದಿನ ದಾರಿ ಹುಡುಕೋದು. ನಾನು ಪ್ರೀತಿಯಿಂದ ಅದನ್ನ ಒರೆಸಿ ಹಾಕಿದೆ. ಇದಕ್ಕೇ ಅಫೇಸಿಯಾ ಅಂದ್ರೇನು ಅಂತ ತಿಳಿದ, ಕೇಳಿದ್ದನ್ನ ಕೇಳಿದ ಹಾಗೇ ಹೇಳೋ ತರಬೇತಿ ಇರೋ ಅನುವಾದಕರು ಬೇಕು ಅನ್ನೋದು. ಮನೆಯವರ ಕೈಲಿ ಇದನ್ನ ಮಾಡಿಸ್ಬಾರ್ದು, ನಮ್ಮ ಕೈಲಿ ಆಗಲ್ಲ.

ಎದುರು ಮಂಚದಲ್ಲಿ ಒಬ್ರು ಅಜ್ಜ ಇದಾರೆ. ಅವರ ಮನೆಮಾತು ಆ ವಾರ್ಡಲ್ಲಿ ಒಬ್ಬರಿಗೂ ಬರಲ್ಲ, ಅದಕ್ಕೆ ಲಿಪಿನೂ ಇಲ್ಲ, ಪರೀಕ್ಷೆ ಎಲ್ಲಿಂದ ಬರ್ಬೇಕು. ಅವರ ಪರವಾಗಿ ಮಾತಾಡೋದು ಹದಿನಾಲ್ಕು ವರ್ಷದ ಮೊಮ್ಮಗ, ಸ್ಕೂಲ್ ಬಿಟ್ಟ ಮೇಲೆ ಬರ್ತಾನೆ. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಅಜ್ಜನಿಗೆ ಬಾಯೇ ಇಲ್ಲ. ಅವರ ಹಾಳೇಲಿ "ಗೊಂದಲದಲ್ಲಿದ್ದಾರೆ, ಸಹಕರಿಸುವುದಿಲ್ಲ" ಅಂತ ಬರೆದಿದೆ ಅಂತ ಆ ಹುಡುಗನೇ ನಂಗೆ ಹೇಳಿದ್ದು. ಯಾವ ಭಾಷೇಲಿ ಸಹಕರಿಸ್ಬೇಕಿತ್ತು ಅವರು? ಸಹಕರಿಸಲ್ಲ ಅಂತ ಒಂದು ಸಲ ಬರೆದ್ರೆ ಥೆರಪಿ ಪಟ್ಟಿಯಲ್ಲಿ ಕೆಳಗೆ ಹೋಗ್ತಾರೆ, ಬೇಗ ಡಿಸ್ಚಾರ್ಜ್ ಆಗ್ತಾರೆ, ಮನೆಗೆ ಹೋಗಿ ಗೋಡೆ ನೋಡ್ಕೊಂಡು ಕೂರ್ತಾರೆ. ದೊಡ್ಡಮ್ಮನಿಗೆ ಇಂಗ್ಲಿಷಾದ್ರೂ ಇತ್ತು, ಜಗಳ ಆಡೋಕೆ ನಾನಿದೀನಿ. ಆ ಅಜ್ಜನ ಕಡೆಯಿಂದ ಯಾರು ಜಗಳ ಆಡ್ತಾರೆ?

ಥೆರಪಿಸ್ಟುಗಳೇ ಕಡಿಮೆ ಇದಾರೆ, ಎಲ್ಲಾ ಭಾಷೆಗೂ ಒಬ್ಬೊಬ್ಬರನ್ನ ಎಲ್ಲಿಂದ ತರೋದು, ಒಂದು ಭಾಷೇಲಿ ಥೆರಪಿ ಕೊಟ್ರೆ ಇನ್ನೊಂದಕ್ಕೂ ತಾನಾಗೇ ಹರಿಯತ್ತೆ ಅಂತ ನನ್ನ ಫ್ರೆಂಡ್ ಒಬ್ಬರು ಫೋನಲ್ಲಿ ಹೇಳಿದ್ರು. ಕಡಿಮೆ ಇದಾರೆ, ನಿಜ. ಆದ್ರೆ ಹರಿಯತ್ತೆ ಅನ್ನೋದನ್ನ ನಂಬ್ಕೊಂಡು ಕೂರೋಕಾಗಲ್ಲ, ಕೆಲವರಲ್ಲಿ ಹರಿದಿದೆ, ಕೆಲವರಲ್ಲಿ ಇಲ್ಲ, ಸಂಶೋಧನೆಗಳ ಫಲಿತಾಂಶನೇ ಮಿಶ್ರ. ಮತ್ತೆ ಯಾವ ಭಾಷೆ ಬಳಸ್ತೀರಿ ಅಂತ ಕೇಳೋಕೆ, ಮನೆಯವರಿಂದ ಮನೆಮಾತಿನ ಪದಗಳ ಪಟ್ಟಿ ತರಿಸ್ಕೊಳ್ಳೋಕೆ, ಅಭ್ಯಾಸ ಮಾಡ್ಸೋದು ಹೇಗೆ ಅಂತ ನಮಗೆ ಕಲಿಸೋಕೆ ಹೊಸ ಥೆರಪಿಸ್ಟ್ ಬೇಡ, ಅರ್ಧ ಗಂಟೆ ಸಾಕು. ಇನ್ನೊಬ್ಬರು, ಎರಡು ಭಾಷೆ ಬಲ್ಲವರು ಸ್ಟ್ರೋಕ್ ಆದ್ಮೇಲೆ ಚೆನ್ನಾಗಿ ಚೇತರಿಸ್ಕೊಳ್ತಾರಂತೆ, ಚಿಂತೆ ಬಿಡು ಅಂದ್ರು. ಆ ಅಧ್ಯಯನ ನಾನೂ ಓದಿದೀನಿ. ಹೈದರಾಬಾದಲ್ಲಿ 608 ಸ್ಟ್ರೋಕ್ ರೋಗಿಗಳನ್ನ ನೋಡಿ 2016ರಲ್ಲಿ ಪ್ರಕಟ ಮಾಡಿದ್ದು. ಸ್ಟ್ರೋಕ್ ಆದ್ಮೇಲೂ ಗ್ರಹಿಕೆ, ನೆನಪು, ಯೋಚನಾಶಕ್ತಿ ಸರಿಯಾಗಿದ್ದವರು ಎರಡು ಭಾಷೆಯವರಲ್ಲಿ 40.5%, ಒಂದೇ ಭಾಷೆಯವರಲ್ಲಿ 19.6%. ಖುಷಿಯ ವಿಷಯನೇ. ಆದ್ರೆ ಅದೇ ಅಧ್ಯಯನದಲ್ಲಿ ಅಫೇಸಿಯಾ ವಿಷಯಕ್ಕೆ ಬಂದ್ರೆ ಎರಡೂ ಗುಂಪಿಗೆ ವ್ಯತ್ಯಾಸ ಇರ್ಲಿಲ್ಲ. ಅರ್ಧ ಓದಿ ಸಮಾಧಾನ ಹೇಳೋಕೆ ಬರ್ಬೇಡಿ ದಯವಿಟ್ಟು.

ಇದೆಲ್ಲಕ್ಕಿಂತ ನಂಗೆ ಜಾಸ್ತಿ ಉರಿದಿದ್ದು ಹೊರಡೋ ಹೊತ್ತಿಗೆ ಒಬ್ಬರು ಕೊಟ್ಟ ಸಲಹೆ. ಮನೇಲಿ ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಇಟ್ಕೊಳ್ಳಿ, ಎರಡು ಭಾಷೆ ಆದ್ರೆ ತಲೆ ಗೊಂದಲ ಆಗತ್ತೆ ಅಂತ. ದೊಡ್ಡಮ್ಮ ಹುಟ್ಟಿದಾಗಿಂದ ಒಂದು ವಾಕ್ಯನೂ ಒಂದೇ ಭಾಷೇಲಿ ಮುಗಿಸಿದವರಲ್ಲ, ನಾವ್ಯಾರು ಮುಗಿಸ್ತೀವಿ? ಕನ್ನಡದಲ್ಲಿ ಶುರು ಮಾಡಿ ಪದ ಸಿಗದೇ ಇದ್ದಾಗ ಇಂಗ್ಲಿಷಿನ ಪದ ಹಿಡ್ಕೊಂಡು ಆಚೆ ದಡ ಸೇರೋದು ಅವರಿಗೆ ಉಳಿದಿರೋ ಒಂದು ಆಸರೆ. ಅದನ್ನೂ ಕಿತ್ಕೊಳ್ಳಿ ಅಂತಾರಲ್ಲ. ಅಕ್ಕತಂಗೀರ ಹತ್ರ, ಮೊಮ್ಮಕ್ಕಳ ಹತ್ರ ಆಡ್ತಿದ್ದ ಮಾತು ಬಿಟ್ಟು ಫೈಲಲ್ಲಿರೋ ಮಾತು ಕಲೀಬೇಕಂತೆ, ಎಪ್ಪತ್ತೆಂಟನೇ ವಯಸ್ಸಲ್ಲಿ.

ಥೆರಪಿ ಕೆಲಸಕ್ಕೆ ಬರತ್ತಾ ಅಂತ ಅನುಮಾನ ಇರೋರಿಗೆ: ಬರತ್ತೆ. ಹಲವು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ 2016ರ ವಿಮರ್ಶೇಲಿ 57 ಪ್ರಯೋಗ, 3002 ಜನರ ಲೆಕ್ಕ ನೋಡಿ, ಥೆರಪಿಯಿಂದ ಮಾತು, ಓದು, ಬರವಣಿಗೆಗೆ ಪ್ರಯೋಜನ ಇದೆ ಅಂದಿದಾರೆ. ಪ್ರಯೋಜನ ಇದೆ ಅನ್ನೋದಕ್ಕೇ ನನ್ನ ಸಂಕಟ, ಪ್ರಯೋಜನ ಇಲ್ಲದ್ದು ಸಿಗದೇ ಇದ್ರೆ ಯಾರು ಅಳ್ತಾರೆ.

ರಾತ್ರಿ ಬರೋಕೆ ಮುಂಚೆ ಸುಮ್ನೆ ದೊಡ್ಡಮ್ಮನ ಕೈ ಹಿಡ್ಕೊಂಡು "ಎರಡೊಂದ್ಲ" ಅಂದೆ. "ಎರಡು" ಅಂದ್ರು. ಎರಡೆರಡ್ಲ ನಾಕು, ಎರಡ್ಮೂರ್ಲ ಆರು, ನಿಲ್ಲಿಸ್ದೇ ಇಪ್ಪತ್ತರವರೆಗೆ ಹೋದ್ರು, ನನಗಿಂತ ಸ್ಪಷ್ಟವಾಗಿ. ಬಾಯಿಪಾಠ ಬರೋದು ಬೇರೆ, ಹೊಸ ವಾಕ್ಯ ಕಟ್ಟೋದು ಬೇರೆ, ನಂಗೂ ಗೊತ್ತು, ಅಫೇಸಿಯಾ ಆದವರಿಗೆ ಮಗ್ಗಿ, ವಾರದ ಹೆಸರು, ಹಾಡು ಉಳ್ಕೊಳ್ಳೋದು ಸಾಮಾನ್ಯ. ಆದ್ರೂ ಇಪ್ಪತ್ತು ಅಂತ ಹೇಳಿ ಮುಗಿಸಿ ನನ್ನ ಮುಖ ನೋಡಿದ್ರಲ್ಲ, ಆ ನೋಟ. ಚಿಕ್ಕವಳಿದ್ದಾಗ ನಾನು ತಪ್ಪದೇ ಒಪ್ಪಿಸಿದಾಗ ನಾನು ಅವರ ಮುಖ ಹೀಗೇ ನೋಡ್ತಿದ್ದೆ.

ಸೋಮವಾರ ಮತ್ತೆ ಥೆರಪಿಸ್ಟ್ ಬರ್ತಾಳೆ. ಒಂದು ಹಾಳೇಲಿ ಬರೆದಿಟ್ಟಿದೀನಿ: ಅಮ್ಮನ ಹತ್ರ ಯಾವ ಭಾಷೆ, ಶಾಲೇಲಿ ಯಾವುದು, ಕೆಲಸದಲ್ಲಿ ಯಾವುದು, ಸ್ಟ್ರೋಕ್ ಆಗೋ ಹಿಂದಿನ ದಿನ ಯಾರ ಜೊತೆ ಯಾವುದರಲ್ಲಿ ಮಾತಾಡಿದ್ರು. ಕನ್ನಡದಲ್ಲೂ ಪರೀಕ್ಷೆ ಆಗೋವರೆಗೆ ಆ ರಿಪೋರ್ಟಿಗೆ ಸಹಿ ಹಾಕಲ್ಲ ಅಂತ ಹೇಳೋಳಿದೀನಿ. ತರಬೇತಿ ಇರೋ ಅನುವಾದಕರು ಸಿಗದೇ ನಾನೇ ಕೂರ್ಬೇಕಾಗಿ ಬಂದ್ರೆ, ದೊಡ್ಡಮ್ಮ ಕತ್ತರಿ ಅಂದ್ರೆ ಕತ್ತರಿ ಅಂತ್ಲೇ ಹೇಳ್ತೀನಿ.

ಮತ್ತೆ ಎದುರು ಮಂಚದ ಅಜ್ಜನ ಭಾಷೆ ಯಾವುದು ಅಂತ ಮೊಮ್ಮಗನ್ನ ಕೇಳಿ ಬರ್ಕೊಂಡಿದೀನಿ. ಅವರ ಅನುಮತಿ ಇಲ್ದೆ ಇಲ್ಲಿ ಹಾಕಲ್ಲ. ನಿಮ್ಮಲ್ಲಿ ಸ್ಪೀಚ್ ಥೆರಪಿ ಓದಿದವರು, ಅನುವಾದ ಮಾಡೋರು, ಲಿಪಿ ಇಲ್ಲದ ಮನೆಮಾತುಗಳು ಬಲ್ಲವರು ಯಾರಾದ್ರೂ ಇದ್ರೆ ನಂಗೆ ಮೆಸೇಜ್ ಮಾಡಿ. ಬೆಳಿಗ್ಗೆ ಹೊತ್ತು ಫ್ರೀ ಇರೋರು ಬೇಕು, ಸಂಜೆ ನಾಲ್ಕರ ಮೇಲೆ ಆ ಹುಡುಗ ಇರ್ತಾನೆ.