ಶುಕ್ರವಾರ ಲಕ್ಷ್ಮೀನ ಕಳಿಸಬಾರ್ದು ಸಾರ್

ನಮ್ಮ ತಾತ ಹೋಗೋವಾಗ ಗದ್ದೆ ದೊಡ್ಡಪ್ಪಂಗೆ, ಮನೆ ಚಿಕ್ಕಪ್ಪಂಗೆ, ನಂಗೆ ಒಂದು ಹಾರ್ಲಿಕ್ಸ್ ಬಾಟ್ಲಿ. ಗಾಜಿಂದು. ಒಳಗೆ ಕುತ್ತಿಗೆವರೆಗೂ ಹಳೇ ಚಿಲ್ಲರೆ. ತೂತುಕಾಸು, ಅಂಚು ಅಲೆ ಅಲೆ ಇರೋ ಹತ್ತು ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು ಒಂದು ತಾಮ್ರದ ಆನೆ ಕಾಸು (ಸವೆದು ಸವೆದು ಆನೆ ಈಗ ಹಂದಿ ಥರ ಕಾಣುತ್ತೆ), ಮಿಕ್ಕಿದ್ದೆಲ್ಲಾ ಕಮಲದ ಹೂವಿನ ಇಪ್ಪತ್ತು ಪೈಸೆ. ಈ ಕಮಲದ್ದು 1968ರಿಂದ ಮೂರ್ನಾಲ್ಕು ವರ್ಷ ಬಂತು ಅಷ್ಟೇ. 25 ಪೈಸೆ ಮತ್ತೆ ಅದಕ್ಕಿಂತ ಚಿಕ್ಕದನ್ನೆಲ್ಲಾ 2011ರ ಜೂನ್ 30ಕ್ಕೆ ಚಲಾವಣೆಯಿಂದ ತೆಗೆದ್ರಲ್ಲ, ಅಂಗಡೀಲಿ ಇದಕ್ಕೆ ಬೆಂಕಿಪಟ್ಟಣದ ಕಡ್ಡೀನೂ ಬರಲ್ಲ. ಆದ್ರೆ ಲಕ್ಷ್ಮಿ ಕೂರೋದು ಕಮಲದ ಮೇಲೆ ಅಲ್ವಾ, ಅದಕ್ಕೇ ಪೂಜೆಗೆ 108 ಕಮಲದ ನಾಣ್ಯ ಬೇಕು ಅಂತ ಜನ ಹುಡುಕಿಕೊಂಡು ತಗೋತಾರೆ.

ಇದೆಲ್ಲಾ ನಂಗೆ ಗೊತ್ತಿರ್ಲಿಲ್ಲ. ನಮ್ಮನೆಯವಳು "ರೀ, ಆ ಬಾಟ್ಲಿ ಖಾಲಿ ಮಾಡ್ಕೊಡಿ, ಉಪ್ಪಿನಕಾಯಿಗೆ ಬೇಕು" ಅಂದ್ಲು, ಅಲ್ಲಿಂದ ಶುರುವಾಯ್ತು. ಆಫೀಸಲ್ಲಿ ಒಬ್ರು ನನ್ನನ್ನ ವಾಟ್ಸಾಪಲ್ಲಿ ನಾಣ್ಯದ ಹರಾಜು ಗ್ರೂಪಿಗೆ ಸೇರಿಸಿದ್ರು. ರೂಲ್ಸು ಬಹಳ ಕಟ್ಟುನಿಟ್ಟು. ಬೇಸ್ ಪ್ರೈಸ್ ಹಾಕ್ಬೇಕು, ಒಂದೊಂದು ಬಿಡ್ಡಿಗೂ ಕಮ್ಮಿ ಅಂದ್ರೆ ಹತ್ತು ರೂಪಾಯಿ ಏರಿಸ್ಬೇಕು, ರಾತ್ರಿ ಹತ್ತಕ್ಕೆ ಕ್ಲೋಸು, ಮೂರು ದಿನದೊಳಗೆ ಪೇಮೆಂಟು, ಬ್ಯಾಕೌಟ್ ಮಾಡಿದ್ರೆ ಗ್ರೂಪಿಂದ ಔಟು. ಓದಿದ್ರೆ ಎಲ್ಐಸಿ ಪಾಲಿಸಿ ಓದಿದಂಗಿತ್ತು, ನಂಬಿಕೆ ಬಂತು.

ಮೊದಲು ತೂತುಕಾಸು ಹಾಕ್ದೆ. ಹತ್ತು ಗಂಟೆಗೆ ಐದು ನಿಮಿಷ ಇದೆ ಅನ್ನೋವಾಗ ಜನ ಬಿದ್ದು ಬಿದ್ದು ಏರಿಸಿದ್ರು, 340ಕ್ಕೆ ನಿಲ್ತು, ನಾನು ಹೆಂಡತೀನ ಎಬ್ಬಿಸಿ ತೋರಿಸ್ದೆ. ಗೆದ್ದೋನು ಮಾರನೇ ದಿನ "ಒಂದು ರೂಪಾಯಿ ಹಾಕಿದೀನಿ ಬಂತಾ ನೋಡಿ ಬ್ರೋ" ಅಂದ. ಬಂದಿತ್ತು. "ಬಂತು" ಅಂದೆ. ಅವತ್ತಿಂದ ಇವತ್ತಿನವರೆಗೆ ಆ ಮನುಷ್ಯ ಪತ್ತೆ ಇಲ್ಲ. ಇನ್ನೊಬ್ಬ 150 ರೂಪಾಯಿಗೆ "ಯುಪಿಐ ಲಿಮಿಟ್ ಮುಗಿದೋಗಿದೆ ಅಣ್ಣಾ" ಅಂದ. ದಿನಕ್ಕೆ ಒಂದು ಲಕ್ಷ ಲಿಮಿಟ್ಟು, ಆ ಒಂದು ಲಕ್ಷಾನ ಬೆಳಗ್ಗೆನೇ ಖರ್ಚು ಮಾಡಿರೋ ಶ್ರೀಮಂತ ನನ್ನ ಹತ್ತು ಪೈಸೆಗೆ ಯಾಕೆ ಬಂದ ಅಂತ ಕೇಳೋ ಧೈರ್ಯ ಬರ್ಲಿಲ್ಲ. ಮತ್ತೊಬ್ಬ ಬೇರೆ ಥರ, ಟ್ರ್ಯಾಕ್ಟರ್ ಚಿತ್ರ ಇರೋ ಐದು ರೂಪಾಯಿ ನೋಟಿಗೆ ನಾಲ್ಕು ಲಕ್ಷ ಕೊಡ್ತೀನಿ, ಮೊದಲು ನೀವು ರಿಜಿಸ್ಟ್ರೇಷನ್ ಫೀಸು 2,500 ಹಾಕಿ ಅಂದ. ಇಂಥವ್ರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ, ನಾನು ಹಾಕ್ಲಿಲ್ಲ. ಹಾಕ್ಲಿಲ್ಲ ಅಂತ ಅವನಿಗೆ ಬೇಜಾರಾಗಿ ನನ್ನನ್ನೇ ಬ್ಲಾಕ್ ಮಾಡ್ದ.

ಇವ್ರೆಲ್ಲಾ ಬಿಡಿ. ನಾನು ಹೇಳಕ್ಕೆ ಹೊರಟಿದ್ದು ಕಮಲದವನ ಕಥೆ.

ದೀಪಾವಳಿ ಲಕ್ಷ್ಮೀಪೂಜೆಗೆ ಹತ್ತು ಹನ್ನೆರಡು ದಿನ ಇತ್ತು. 108 ಕಮಲದ ನಾಣ್ಯ ಎಣಿಸಿ, ಹುಣಸೆಹಣ್ಣಲ್ಲಿ ತಿಕ್ಕಿ ಫಳಫಳ ಅನ್ನಿಸಿ (ಹಳೇ ನಾಣ್ಯ ತಿಕ್ಕಬಾರ್ದಂತೆ, ತಿಕ್ಕಿದ್ರೆ ಬೆಲೆ ಹೋಗುತ್ತಂತೆ, ಗ್ರೂಪಲ್ಲಿ ಬೈಸಿಕೊಂಡೆ) ಸಾವಿರಕ್ಕೆ ಇಟ್ಟೆ. ಗುರುವಾರ ರಾತ್ರಿ ಗುಲಾಬಿ ಹೂವಿನ ಡೀಪಿ ಇದ್ದ ಒಬ್ರು 2,150ಕ್ಕೆ ಗೆದ್ರು. ನಂಬರ್ ಕಳಿಸ್ದೆ.

ಶುಕ್ರವಾರ ಉತ್ತರ ಬಂತು. "ಶುಕ್ರವಾರ ಲಕ್ಷ್ಮೀನ ಮನೆಯಿಂದ ಹೊರಗೆ ಕಳಿಸಬಾರ್ದು ಸಾರ್, ನಿಮಗೇ ಗೊತ್ತಲ್ಲ."

ಹೆಂಡತಿಗೆ ತೋರಿಸ್ದೆ. "ಅದೂ ಸರಿನೇ" ಅಂದ್ಲು. ಇದು ನಂಗೆ ಮೊದಲನೇ ಏಟು, ಯಾಕಂದ್ರೆ ಮನೇಲೇ ಅವ್ರಿಗೊಂದು ಓಟು ಬಿತ್ತು.

ಶನಿವಾರ ಭಾನುವಾರ ಬ್ಯಾಂಕು ರಜೆ ಅಂದ್ರು. ಯುಪಿಐಗೆ ಯಾವ ರಜೆ ಸಾರ್ ಅಂದೆ, ನೀಲಿ ಟಿಕ್ಕು ಬಿತ್ತು ಅಷ್ಟೇ. ಸೋಮವಾರ ಬೆಳಗ್ಗೆ ಹೊಸಾ ಕಂಡೀಷನ್ನು, ರಿಜಿಸ್ಟರ್ಡ್ ಪೋಸ್ಟಲ್ಲೇ ಕಳಿಸ್ಬೇಕು, ರಸೀದಿ ಫೋಟೋ ಹಾಕಿದ ತಕ್ಷಣ ದುಡ್ಡು ಹಾಕ್ತೀನಿ. ನಾನು ಪೆದ್ದ, ಪೋಸ್ಟಾಫೀಸಿಗೇ ಹೋದೆ. ಕೌಂಟರಲ್ಲಿದ್ದ ಮೇಡಮ್ಮು ಕನ್ನಡಕದ ಮೇಲಿಂದ ನೋಡಿ, ರಿಜಿಸ್ಟರ್ಡ್ ಪೋಸ್ಟು 2025ರಲ್ಲೇ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯ್ತಲ್ಲಾ ಸಾರ್, ಎಲ್ಲಿದ್ರಿ ಇಷ್ಟು ದಿನ ಅಂದ್ರು. ಸ್ಪೀಡ್ ಪೋಸ್ಟಲ್ಲಿ ಕಳಿಸ್ಲಾ ಅಂತ ಮೆಸೇಜ್ ಮಾಡ್ದೆ. ಆಗ್ಲಿ ಅಂತ ಅಡ್ರೆಸ್ ಕಳಿಸಿದ್ರು. ನೋಡ್ತೀನಿ, ಮೈಸೂರು, ಕುವೆಂಪುನಗರ, ನಮ್ಮನೆಯಿಂದ ಎರಡನೇ ಕ್ರಾಸು. ದಿನಾ ನಾನು ಹಾಲು ತರೋ ರಸ್ತೆ. ಅಲ್ಲಿಗೆ ಈ ಮನುಷ್ಯಂಗೆ ರಿಜಿಸ್ಟರ್ಡ್ ಪೋಸ್ಟು ಬೇಕಿತ್ತು!

ಮಂಗಳವಾರ ಕೇಳಿದ್ರೆ "ಮಂಗಳವಾರಾನೂ ಶುಕ್ರವಾರದ ಥರಾನೇ ಸಾರ್".

ನಮ್ಮೂರಲ್ಲಿ ಗಣಪತಿ ಕೂರಿಸಿದಾಗ ಪೆಂಡಾಲಲ್ಲಿ ಹರಾಜು ಕೂಗ್ತಾರೆ, ಗಣಪನ ಕೈಲಿದ್ದ ಲಾಡು, ಬಾಳೆಗೊನೆ, ಒಂದು ಅನಾನಸ್ಸು. ಅರವತ್ತು ರೂಪಾಯಿ ಅನಾನಸ್ಸು ಮೂರು ಸಾವಿರಕ್ಕೆ ಹೋಗುತ್ತೆ. ಕೂಗಿದೋರು ಅವತ್ತೇ ಕೊಡೋದೇನಿಲ್ಲ, ಭತ್ತ ಮಾರಿ ಕೊಡ್ತಾರೆ, ಕೆಲವ್ರು ಮುಂದಿನ ವರ್ಷ ಕೊಡ್ತಾರೆ, ಆದ್ರೆ ಕೊಡ್ತಾರೆ. ಕೊಡ್ದಿದ್ರೆ ಮುಂದಿನ ಚೌತಿಗೆ ಮೈಕಲ್ಲಿ ಹೆಸರು, ಅಪ್ಪನ ಹೆಸರು, ಬಾಕಿ ಎಲ್ಲಾ ಊರಿಗೇ ಕೇಳ್ಸುತ್ತೆ, ಹೆಣ್ಣು ಕೊಟ್ಟಿರೋ ಪಕ್ಕದೂರಿಗೂ ಕೇಳ್ಸುತ್ತೆ. ನನ್ನ ಗ್ರೂಪಲ್ಲಿ ಮೈಕಿಲ್ಲ. ಅಡ್ಮಿನ್‌ಗೆ ಹೇಳ್ದೆ, ಅವ್ರು ಕೈ ಮುಗಿಯೋ ಇಮೋಜಿ ಹಾಕಿದ್ರು. ಅಡ್ಮಿನ್ ಕೂಡ ಒಂದು ಹರಾಜಿನ ದುಡ್ಡು ಬಾಕಿ ಇಟ್ಕೊಂಡಿದಾರೆ ಅಂತ ಆಮೇಲೆ ಗೊತ್ತಾಯ್ತು. ಮೇಲಿನ ಮನೆ ಲಾಯರ್ ಅಂತೂ 1930ರ ಸರಕು ಮಾರಾಟ ಕಾಯ್ದೆ, 64ನೇ ಸೆಕ್ಷನ್ನು, ಸುತ್ತಿಗೆ ಬಿದ್ರೆ ಮಾರಾಟ ಮುಗೀತು, ಅದಕ್ಕೆ ಮುಂಚೆ ಮಾತ್ರ ಹಿಂದೆ ಸರಿಯಬಹುದು, ಕೇಸ್ ಗಟ್ಟಿ ಇದೆ ಅಂತ ಖುಷಿಯಾದ್ರು. ಅವ್ರ ಫೀಸು ಕೇಳ್ದೆ. ನಾನು ಕೆಳಗಿಳಿದು ಬಂದೆ.

ಭಾನುವಾರ ಅವ್ರೇ ಮನೆಗೆ ಬರ್ತೀನಿ ಅಂದ್ರು. ಚಿತ್ತಾ ಮಳೆ ಹಿಡ್ಕೊಂಡಿತ್ತು, ಒದ್ದೆ ಛತ್ರಿ ಮಡಚಿ ಸೋಫಾ ಪಕ್ಕ ಒರಗಿಸಿ ಕೂತ್ರು. ಅರವತ್ತರ ಮೇಲಿನ ವಯಸ್ಸು, ಹಣೇಲಿ ಕುಂಕುಮ, ಬಹಳ ಸಭ್ಯಸ್ಥರು, ಬೈಯ್ಯೋಕೆ ರೆಡಿ ಮಾಡ್ಕೊಂಡಿದ್ದ ಮಾತೆಲ್ಲಾ ಗಂಟಲಲ್ಲೇ ಉಳೀತು. ನಮ್ಮನೆಯವಳು ಅಕ್ಕಿರೊಟ್ಟಿ ಹಾಕ್ತಿದ್ಲು. ಬೇಡ ಬೇಡ ಅಕ್ಕಾ ಅಂತ ಮೂರು ತಿಂದ್ರು. ಆಮೇಲೆ ಜೇಬಿಂದ ಲೆನ್ಸ್ ತೆಗ್ದು ಒಂದೊಂದೇ ನಾಣ್ಯ ನೋಡಿದ್ರು, ಇಸವಿ ಕೆಳಗೆ ವಜ್ರದ ಗುರುತು ಇದ್ರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ರೆ ಹೈದರಾಬಾದು, ಏನೂ ಇಲ್ದಿದ್ರೆ ಕಲ್ಕತ್ತಾ ಅಂತ ನನ್ನ ಮಗಂಗೆ ಪಾಠ ಮಾಡಿದ್ರು. ನಿಜ ಹೇಳ್ಬೇಕಂದ್ರೆ ಅಷ್ಟು ಚೆನ್ನಾಗಿ ಅವನ ಸ್ಕೂಲಲ್ಲೂ ಹೇಳ್ಕೊಡಲ್ಲ. ಎರಡನೇ ಕಾಫಿ ಬಂತು. ಎಣಿಸಿದ್ರು. 107.

ಇನ್ನೊಂದ್ಸಲ ಎಣಿಸಿದ್ರು. 107. ನಾನು ಎಣಿಸ್ದೆ, ಮಗ ಎಣಿಸ್ದ, 107. ಬಾಟ್ಲಿ ಬೋರಲು ಹಾಕಿದ್ರೂ ಇನ್ನೊಂದು ಕಮಲ ಇಲ್ಲ.

"107ಕ್ಕೆ ಪೂಜೆ ಆಗಲ್ವಲ್ಲ ಸಾರ್" ಅಂತ ಬಹಳ ನೊಂದುಕೊಂಡು ಎದ್ರು. ಬಾಗಿಲ ಹತ್ರ ನನ್ನ ಭುಜ ತಟ್ಟಿ, "ಇರ್ಲಿ ಬಿಡಿ, ನಿಮ್ಮ ಮೇಲೆ ನಂಗೇನು ಬೇಜಾರಿಲ್ಲ" ಅಂದ್ರು. ಹನ್ನೊಂದು ದಿನ ದುಡ್ಡಿಗೆ ಕಾದೋನು ನಾನು, ಕ್ಷಮಿಸಿದ್ದು ಅವ್ರು. ನಾನು "ಥ್ಯಾಂಕ್ಸ್ ಸಾರ್" ಅಂದೆ. ಯಾಕೆ ಅಂದ್ನೋ ದೇವ್ರಿಗೇ ಗೊತ್ತು.

ಮಳೆ ನಿಂತಿತ್ತು, ಛತ್ರಿ ಮರೆತು ಹೋಗಿದ್ರು. ಒಣಗ್ಲಿ ಅಂತ ನಮ್ಮನೆಯವಳು ಬಿಚ್ಚಿದ್ಲು ನೋಡಿ, ಮಡಿಕೆ ಒಳಗಿಂದ ಟಿಣ್ ಅಂತ ಕಮಲದ ಇಪ್ಪತ್ತು ಪೈಸೆ ನೆಲಕ್ಕೆ ಬಿತ್ತು. ಎಣಿಸೋವಾಗ ಉರುಳಿ ಅಲ್ಲಿ ಸೇರ್ಕೊಂಡಿದೆ. ತಕ್ಷಣ ಫೋಟೋ ತೆಗ್ದು ಕಳಿಸ್ದೆ, ಸಿಕ್ತು ಸಾರ್, 108 ಆಯ್ತು, ಛತ್ರೀನೂ ಇಲ್ಲೇ ಇದೆ. ಒಂದೇ ಟಿಕ್ಕು. ಹಬ್ಬ ಮುಗೀತು. ಫೋನ್ ಮಾಡಿದ್ರೆ ರಿಂಗ್ ಆಗಿ ಆಗಿ ಕಟ್. ಎರಡನೇ ಕ್ರಾಸಿಗೆ ಹೋದ್ರೆ ಗೇಟಿಗೆ ಬೀಗ, ಮಗಳ ಮನೆಗೆ ಹೋಗವ್ರೆ ಅಂದ್ರು ಪಕ್ಕದೋರು.

"ಆ ಛತ್ರಿನಾದ್ರೂ ಹರಾಜಿಗೆ ಹಾಕ್ರಿ, ರೊಟ್ಟಿ ದುಡ್ಡಾದ್ರೂ ಬರ್ಲಿ" ಅಂದ್ಲು ಇವಳು. ತಮಾಷೆಗೆ ಅಂದಿದ್ದು, ನಾನು ಹಾಕೇಬಿಟ್ಟೆ. ಕಪ್ಪು ಛತ್ರಿ, ಮರದ ಹಿಡಿ, ಬೇಸ್ ಪ್ರೈಸ್ 50.

ಎರಡು ನಿಮಿಷ ಆಗಿರ್ಲಿಲ್ಲ, ಗುಲಾಬಿ ಹೂವು ಆನ್‌ಲೈನ್ ಬಂತು.

"ಛತ್ರಿ ಚೆನ್ನಾಗಿದೆ ಸಾರ್. 60."